ಬೆಂಕಿ ಬೀಳಲಿಲ್ಲ ಎಂಬುದಕ್ಕೆ ದಾಖಲೆ ಲಗತ್ತಿಸಿ

ದಾವಣಗೆರೆಯಲ್ಲಿ ನಾನು 29 ವರ್ಷಗಳಿಂದ ಮಾಡುತ್ತಿರುವ ಉದ್ಯೋಗ ಯಾವುದೆಂದು ಯಾರಾದರೂ ಕೇಳಿದರೆ, ಮಂದಿಯ ಕಟ್ಟಡದೊಳಕ್ಕೆ ಹೋಗಿ ಅಪಶಕುನ ನುಡಿದು ಬರುವುದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದೇನೂ ಸುಳ್ಳಲ್ಲ. ಹತ್ತಿಯ ಗೋದಾಮು, ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ, ಕಲ್ಯಾಣ ಮಂಟಪ, ನರ್ಸಿಂಗ್ ಹೋಮ್, ಹೀಗೆ ಎಲ್ಲೆಲ್ಲಿ ಜನರೂ ಉರಿಯುವ ಸಾಮಾನೂ ಒಂದೇ ಸೂರಿನಡಿ ಸೇರುತ್ತವೆಯೋ ಅಲ್ಲೆಲ್ಲ ಹೋಗಿ, ಬೆಂಕಿ ಎಲ್ಲಿ ಹುಟ್ಟಬಹುದು, ಯಾವ ದಾರಿ ಹಿಡಿಯಬಹುದು, ಒಳಗಿದ್ದವರು ಯಾವ ಬಾಗಿಲಿನಿಂದ ಹೊರಬೀಳಬಹುದು ಎಂಬುದನ್ನು ನೋಡಿ, ಮಾಲೀಕರ ಮುಖ ಹುಳ್ಳಗಾಗುವಂಥ ಒಂದು ವರದಿಯನ್ನು ಬರೆದುಕೊಡುವುದು ನನ್ನ ಕಸುಬು. ಇದಕ್ಕೆ ಈಗ ಫೈರ್ ಸೇಫ್ಟಿ ಅಸೆಸರ್ ಎಂಬ ಹೆಸರಿದೆ. ಊರಿನವರು ಮಾತ್ರ ನನ್ನನ್ನು ಬೆಂಕಿ ಮೇಷ್ಟ್ರು ಎಂದೇ ಕರೆಯುತ್ತ ಬಂದಿದ್ದಾರೆ. ಬೆಂಕಿಯ ವಿಷಯದಲ್ಲಿ ನಾನು ಮೇಷ್ಟ್ರಾಗಿರಲಿ, ನೋಂದಾಯಿತ ವಿದ್ಯಾರ್ಥಿಯೂ ಅಲ್ಲವೆಂಬ ಸಂಗತಿ ಹೋದ ವರ್ಷ ಅಧಿಕೃತವಾಗಿ ತಿಳಿದುಬಂತು.

ವರ್ಷಗಳಿಂದ ನನ್ನ ವರದಿಗಳನ್ನು ತೆಗೆದುಕೊಳ್ಳುತ್ತಿದ್ದ ಒಂದು ಕಚೇರಿ, ಇನ್ನು ಮುಂದೆ ಅರ್ಹತಾ ಪ್ರಮಾಣಪತ್ರವಿಲ್ಲದವರ ವರದಿಯನ್ನು ಸ್ವೀಕರಿಸಲಾಗದು ಎಂದು ಎರಡು ಸಾಲಿನ ಪತ್ರ ಕಳಿಸಿತು. ಈ ನಿಯಮದ ಮೇಲೆ ನನಗೆ ಕೋಪವಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಲಂಡನ್ನಿನಲ್ಲಿ 2017ರ ಜೂನ್ 14ರಂದು ಹೊತ್ತಿಕೊಂಡು 72 ಜನರ ಪ್ರಾಣ ತೆಗೆದ ಗ್ರೆನ್‌ಫೆಲ್ ಟವರಿನ ವಿಚಾರಣೆಯಲ್ಲಿ, ಆ ಕಟ್ಟಡದ ಅಪಾಯವನ್ನು ಅಳೆದಿದ್ದವರು ತಮ್ಮ ಅನುಭವವನ್ನೂ ಅರ್ಹತೆಯನ್ನೂ ಉಬ್ಬಿಸಿ ಹೇಳಿಕೊಂಡಿದ್ದರೆಂಬುದು, ಹೆಸರಿನ ಹಿಂದೆ ಸಾಲುಗಟ್ಟಿ ನಿಂತಿದ್ದ ಬಿರುದಿನ ಅಕ್ಷರಗಳಲ್ಲಿ ಕೆಲವು ಅವರದೇ ಸೃಷ್ಟಿ ಎಂಬುದು ಬಯಲಾಯಿತು. ಅಂಥವರ ಕೈಗೆ ಜನರ ಜೀವ ಕೊಡುವುದಕ್ಕಿಂತ ಪರೀಕ್ಷೆ ಮಾಡಿ ಕೊಡುವುದು ಲೇಸು. ಆದ್ದರಿಂದ ನಾನು ಸಂತೋಷದಿಂದಲೇ ಅರ್ಜಿ ಹಾಕಿದೆ. ಶಾಲೆಗೆ ಹೋಗದೆ ಕೆಲಸದಲ್ಲೇ ಕಲಿತವರಿಗೆಂದು ಪೂರ್ವಕಲಿಕೆಯ ಮಾನ್ಯತೆ ಎಂಬ ಒಂದು ಸದುದ್ದೇಶದ ವ್ಯವಸ್ಥೆಯಿದೆ. 2015ರಿಂದೀಚೆಗೆ ಕೌಶಲ ಯೋಜನೆಗಳ ಜೊತೆ ದೇಶದ ತುಂಬ ಆರ್‌ಪಿಎಲ್ ಎಂಬ ಮೂರಕ್ಷರದಲ್ಲಿ ಇದು ಪರಿಚಿತವಾಗಿದೆ. ನಿಮಗೆ ಗೊತ್ತಿರುವುದನ್ನು ನಾವು ಗುರುತಿಸುತ್ತೇವೆ ಎನ್ನುವುದು ಅದರ ತಿರುಳು. ಗುರುತಿಸುವವರಿಗೆ ಏನು ಗೊತ್ತಿರಬೇಕೆಂಬುದು ಅರ್ಜಿಯಲ್ಲಿ ಇರಲಿಲ್ಲ.

ನಮ್ಮ ತರ್ಕಶಾಸ್ತ್ರದವರು ದೂರದ ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆ ಎಂದು ಊಹಿಸಿದರು. ಅವರಿಗೆ ಪ್ರಮಾಣವೊಂದಿದ್ದರೆ ಸಾಕಾಗಿತ್ತು, ಪ್ರಮಾಣಪತ್ರ ಬೇಕಾಗಿರಲಿಲ್ಲ. ನನ್ನ ಅರ್ಜಿಯ ಏಳನೆಯ ಕಲಮಿನಲ್ಲಿ ‘ಅನುಭವಕ್ಕೆ ದಾಖಲೆ ಲಗತ್ತಿಸಿ’ ಎಂದಿತ್ತು. ಅಲ್ಲಿಂದ ನನ್ನ ನಿಜವಾದ ವಿದ್ಯಾಭ್ಯಾಸ ಆರಂಭವಾಯಿತು.

ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಈ ಊರನ್ನು ಹೊಗಳುತ್ತಿದ್ದ ಕಾಲದ ಕೊನೆಯ ದಿನಗಳಲ್ಲಿ ನಾನು ಒಂದು ಹತ್ತಿ ಗಿರಣಿಯ ಫೈರ್ ಸ್ಕ್ವಾಡಿಗೆ ಸೇರಿದವನು. ಹತ್ತಿಯ ಜೊತೆ ಅಡಗಿ ಬಂದ ಒಂದು ಮೊಳೆ ಬ್ಲೋ ರೂಮಿನಲ್ಲಿ ಹತ್ತಿ ಬಿಡಿಸುವ ಬೀಟರಿಗೆ ಬಡಿದು ಕಿಡಿ ಹಾರಿದರೆ ಆ ಕಿಡಿ ಗಾಳಿಯ ಕೊಳವೆಯಲ್ಲಿ ಎಷ್ಟು ಬೇಗ ಮುಂದಿನ ಯಂತ್ರಕ್ಕೆ ಹೋಗುತ್ತದೆಂಬುದನ್ನು ನಾನು ಅಲ್ಲಿ ಕಲಿತೆ. ಬೇಲಿನ, ಅಂದರೆ ಒತ್ತಿ ಕಟ್ಟಿದ ಹತ್ತಿಯ ಮೂಟೆಯ ಬೆಂಕಿ ಬೂದಿ ಮುಚ್ಚಿದ ಕೆಂಡವೆಂಬ ಗಾದೆಯ ಭಾಷ್ಯವೇ ಸರಿ. ಮೇಲೆ ನೀರು ಸುರಿದು ನಂದಿತೆಂದು ಮನೆಗೆ ಹೋದರೆ ಅದು ಒಳಗೇ ಹೊಗೆಯಾಡುತ್ತ ಕೂತು ಮರುದಿನ ಮತ್ತೆ ಏಳುತ್ತದೆ. ಬೇಲನ್ನು ಹೊರಗೆ ಉರುಳಿಸಿ, ಪಟ್ಟಿ ಕತ್ತರಿಸಿ, ಪದರ ಪದರ ಬಿಡಿಸಿ ಮೂಸಿ ನೋಡಿದ ಹೊರತು ಅದನ್ನು ನಂಬಬಾರದು. ಆ ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿದೆ. ಅದರ ನೇಮಕಾತಿ ಪತ್ರವೊಂದು ನನ್ನ ಪುಣ್ಯಕ್ಕೆ ಟ್ರಂಕಿನಲ್ಲಿತ್ತು. ಆದರೆ ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಪತ್ರದ ಕಾಲಕ್ಕೆ ನಾವು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಆಧಾರ್ ಕಾರ್ಡಿನಲ್ಲಿ ದಾವಣಗೆರೆ ಜಿಲ್ಲೆ, ಪತ್ರದಲ್ಲಿ ಚಿತ್ರದುರ್ಗ ಜಿಲ್ಲೆ ಇರುವುದನ್ನು ಕಂಡ ಗಣಕಯಂತ್ರವು ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳೆಂದು ತೀರ್ಮಾನಿಸಿ ಕೆಂಪಕ್ಷರ ತೋರಿಸಿತು. ಊರು ಅಲ್ಲೇ ಇತ್ತು, ನಾನೂ ಅಲ್ಲೇ ಇದ್ದೆ, ಜಿಲ್ಲೆಯೇ ಎದ್ದುಹೋಯಿತು ಎಂದು ಅರ್ಜಿ ಸ್ವೀಕರಿಸುವ ಕೇಂದ್ರದ ಗುಮಾಸ್ತರಿಗೆ ವಿವರಿಸಿದೆ. ಅವರು ಮರುಕದಿಂದ ಕೇಳಿಸಿಕೊಂಡು, ಸ್ಥಳಾಂತರದ ಅಫಿಡವಿಟ್ ಇದ್ದರೆ ತನ್ನಿ ಎಂದರು.

ಹಾಗಿದ್ದರೆ ಈಚಿನ 29 ವರ್ಷಗಳ ದಾಖಲೆಯನ್ನಾದರೂ ಒದಗಿಸೋಣವೆಂದು ಹೊರಟೆ. ತೊಡಕಿನ ಬೇರು ಇದ್ದದ್ದು ಇಲ್ಲಿಯೇ. ವೈದ್ಯನ ಕೈಗುಣಕ್ಕೆ ಬದುಕಿದ ರೋಗಿ ಸಾಕ್ಷಿ, ವಕೀಲನಿಗೆ ಗೆದ್ದ ತೀರ್ಪು ಸಾಕ್ಷಿ. ನನ್ನ ಮಾತನ್ನು ಯಾರು ಕೇಳಿದರೋ ಅವರ ಕಟ್ಟಡದಲ್ಲಿ ಏನೂ ಆಗಲಿಲ್ಲ. ಏನೂ ಆಗದಿರುವುದಕ್ಕೆ ಮಹಜರಿಲ್ಲ, ಎಫ್‌ಐಆರ್ ಇಲ್ಲ, ಪತ್ರಿಕೆಯ ಎರಡನೆಯ ಪುಟದಲ್ಲಿ ಫೋಟೊ ಇಲ್ಲ. ಇಲ್ಲದಿರುವುದನ್ನು ಅರಿಯುವುದಕ್ಕೂ ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವಿದೆಯೆಂದು ಹಳೆಯ ದಾರ್ಶನಿಕರಾದ ಭಾಟ್ಟ ಮೀಮಾಂಸಕರು ವಾದಿಸಿದ್ದರು. ಅದನ್ನು ಪಿಡಿಎಫ್ ಮಾಡಿ 2 ಎಂಬಿಯೊಳಗೆ ಅಪ್‌ಲೋಡ್ ಮಾಡುವ ಕ್ರಮವನ್ನು ಅವರು ಹೇಳಿಹೋಗಲಿಲ್ಲ.

ಒಂದು ಮಂಡಕ್ಕಿ ಭಟ್ಟಿಗೆ ಹೋದೆ. ಅಲ್ಲಿ ಭತ್ತದ ಹೊಟ್ಟೇ ಉರುವಲು. ಕಾದ ಮರಳಿನಲ್ಲಿ ಅಕ್ಕಿ ಅರಳುವ ಜಾಗದಿಂದ ಹತ್ತು ಹೆಜ್ಜೆಗೆ ಆ ಹೊಟ್ಟಿನ ಗುಡ್ಡ. ಹಾರಿಬಂದ ಒಂದು ಕಿಡಿ ಗುಡ್ಡದೊಳಗೆ ಸೇರಿಕೊಂಡರೆ ಹೊರಗೆ ಹೊಗೆಯೂ ಕಾಣದೆ ದಿನಗಟ್ಟಲೆ ಕಾಯುತ್ತ ಕೂರುತ್ತದೆ. ಸಂಜೆ ಕೆಲಸ ಬಿಡುವ ಮೊದಲು ಒಂದು ಕಬ್ಬಿಣದ ಸಲಾಕೆಯನ್ನು ರಾಶಿಯ ಹೊಟ್ಟೆಗೆ ತೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು, ಅಂಗೈಯ ಹಿಂಬದಿಗೆ ಸೋಕಿಸಿ ನೋಡಿ ಎಂದು ವರ್ಷಗಳ ಹಿಂದೆ ಆ ಭಟ್ಟಿಯವರಿಗೆ ಕಲಿಸಿಕೊಟ್ಟಿದ್ದೆ. ಸಲಾಕೆ ಇನ್ನೂ ಗೋಡೆಗೆ ಒರಗಿತ್ತು, ಹಿಡಿಯುವ ಕಡೆ ಸವೆದು ಹೊಳೆಯುತ್ತಿತ್ತು. ಅದರ ಫೋಟೊ ತೆಗೆದು ಲಗತ್ತಿಸಿದೆ. ‘ವಸ್ತುವು ಅಂಗೀಕೃತ ಉಪಕರಣಗಳ ಪಟ್ಟಿಯಲ್ಲಿಲ್ಲ’ ಎಂದು ಮೂರನೆಯ ದಿನ ಉತ್ತರ ಬಂತು.

ಆಮೇಲೆ ಒಂದು ಕಲ್ಯಾಣ ಮಂಟಪದ ಸಾಹುಕಾರರಲ್ಲಿಗೆ ಹೋದೆ. ಈ ಮಂಟಪದ ಊಟದ ಹಾಲಿನ ಹಿಂಬಾಗಿಲನ್ನು ತೆರೆಸುವುದಕ್ಕೆ ನನಗೆ ಆರು ವರ್ಷ ಹಿಡಿದಿತ್ತು. ಕರೆಯದ ಅತಿಥಿಗಳು ಆ ಕಡೆಯಿಂದ ಪಂಕ್ತಿಗೆ ನುಗ್ಗುತ್ತಾರೆಂದು ಅದಕ್ಕೆ ಬೀಗ ಜಡಿದಿದ್ದರು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ, 2010ರಲ್ಲಿ ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತದ್ದು ಉರಿಗಿಂತ ಹೆಚ್ಚಾಗಿ ಹೊಗೆಯಿಂದ, ಮತ್ತು ಬೇಕಾದಾಗ ತೆರೆದುಕೊಳ್ಳದ ದಾರಿಗಳಿಂದ ಎಂದು ಪ್ರತಿ ವರ್ಷವೂ ಹೇಳಿದ್ದನ್ನೇ ಹೇಳಿ ಕೊನೆಗೂ ಬೀಗ ಬಿಚ್ಚಿಸಿದ್ದೆ. ನಿಮ್ಮ ಸಲಹೆಯಂತೆ ಬಾಗಿಲು ತೆರೆದೆವು ಎಂದು ಒಂದು ಸಾಲು ಬರೆದುಕೊಡಿ ಎಂದು ಕೇಳಿದೆ. ಸಾಹುಕಾರರು ಕನ್ನಡಕ ತೆಗೆದು ಒರೆಸಿಕೊಂಡರು. ‘ಈಗ ತೆರೆದೆವು ಅಂತ ಬರೆದರೆ, ಮೊದಲು ಮುಚ್ಚಿತ್ತು ಅಂತ ನಾನೇ ಬರೆದುಕೊಟ್ಟ ಹಾಗಾಗುತ್ತದಲ್ಲ ಮೇಷ್ಟ್ರೇ’ ಎಂದರು. ಈ ತರ್ಕಕ್ಕೆ ಎದುರು ಹೇಳಬಲ್ಲವರು ಯಾರಿದ್ದಾರೋ ನಾನರಿಯೆ. ನಾನು ಕೊಟ್ಟ ಕಾಫಿ ಕುಡಿದು ಬಂದೆ, ಅಂದರೆ ಅವರು ಕೊಟ್ಟ ಕಾಫಿ. ಆ ಹೊತ್ತಿಗೆ ಕೊಟ್ಟವರಾರು, ತೆಗೆದುಕೊಂಡವರಾರು ಎಂಬ ವಿವೇಕ ನನಗೆ ಉಳಿದಿರಲಿಲ್ಲ.

ಕೊನೆಗೆ ನನ್ನ ಮಾನ ಕಾಪಾಡಿದ್ದು ಒಂದು ಗೋದಾಮು. ಬೇಲುಗಳ ಮೇಲೆಯೇ ತೇಪೆ ಹಾಕಿದ ತಂತಿ ಹಾದುಹೋಗಿದೆ, ಮೊದಲು ಅದನ್ನು ತೆಗೆಸಿ ಎಂದು ಅಲ್ಲಿಗೆ ವರದಿ ಕೊಟ್ಟಿದ್ದೆ. ತೆಗೆಸಲಿಲ್ಲ. ಒಂದು ರಾತ್ರಿ ಗೋದಾಮು ಬೆಳಗಾಗುವವರೆಗೆ ಉರಿಯಿತು. ನೋಡಲು ಹೋಗಿ ನಿಂತಿದ್ದ ನನ್ನನ್ನು ಪೊಲೀಸರು ಪಂಚನನ್ನಾಗಿ ಮಾಡಿ ಪಂಚನಾಮೆಗೆ ಸಹಿ ಹಾಕಿಸಿಕೊಂಡಿದ್ದರು. ಆ ಕಾಗದವನ್ನು ಕಂಡೊಡನೆ ಕೇಂದ್ರದ ಗುಮಾಸ್ತರ ಮುಖ ಅರಳಿತು. ಇದರಲ್ಲಿ ಮುದ್ರೆಯಿದೆ, ದಿನಾಂಕವಿದೆ, ನನ್ನ ಹೆಸರಿದೆ, ಅಷ್ಟೇ ಅಲ್ಲದೆ ಜಿಲ್ಲೆಯೂ ಹೊಂದುತ್ತದೆ. ‘ಇಂಥವು ಇನ್ನೆರಡು ಇದ್ದಿದ್ದರೆ ಒಂದು ಹಂತ ಮೇಲೆಯೇ ಹಾಕಬಹುದಿತ್ತು’ ಎಂದು ಅವರು ನಿಜವಾದ ಕಾಳಜಿಯಿಂದ ಹೇಳಿದರು. ನನ್ನ ಮಾತು ಕೇಳಿದವರೆಲ್ಲ ನನ್ನ ಬಡ್ತಿಗೆ ಅಡ್ಡಗಾಲು ಹಾಕಿದ್ದಾರೆಂಬುದು ಆಗ ಹೊಳೆಯಿತು.

ಪರೀಕ್ಷೆಗೆ ಮೊದಲು ಎರಡು ದಿನದ ತರಬೇತಿ ಕಡ್ಡಾಯವಾಗಿತ್ತು. ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಗಾದೆಯನ್ನು ಇಲ್ಲಿ ತರುವುದಿಲ್ಲ, ಕಲಿಸಿದ ಹುಡುಗ ಒಳ್ಳೆಯವನು, ಓದಿಕೊಂಡಿದ್ದ. ತರಗತಿ ನಡೆದದ್ದು ಒಂದು ಸೀರೆ ಅಂಗಡಿಯ ಮೇಲಿನ ಮೂರನೆಯ ಮಹಡಿಯಲ್ಲಿ. ಇರುವುದೊಂದೇ ಮೆಟ್ಟಿಲ ದಾರಿ, ಅದರ ಅರ್ಧ ಅಗಲಕ್ಕೆ ರಟ್ಟಿನ ಪೆಟ್ಟಿಗೆಗಳು, ಟೆರೇಸಿನ ಗ್ರಿಲ್ಲಿಗೆ ಬೀಗ, ಮೂಲೆಯಲ್ಲಿ ನೇತುಹಾಕಿದ್ದ ಬೆಂಕಿ ನಂದಿಸುವ ಸಿಲಿಂಡರಿನ ಒತ್ತಡದ ಮುಳ್ಳು ಕೆಂಪಿನಲ್ಲಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವು ನಿರ್ಗಮನ ಮಾರ್ಗದ ಬಗ್ಗೆ ಏನು ಹೇಳುತ್ತದೆಂಬುದನ್ನು ಪರದೆಯ ಮೇಲೆ ತೋರಿಸುತ್ತಿದ್ದಾಗ, ಕಸುಬಿನ ಚಾಳಿಯಿಂದ ನಾನು ಎದ್ದು ಇದನ್ನೆಲ್ಲ ಸಂಚಾಲಕರ ಗಮನಕ್ಕೆ ತಂದೆ. ‘ಸಾರ್, ಅಸೆಸ್‌ಮೆಂಟ್ ನಡೆಯುತ್ತಿರುವುದು ನಿಮ್ಮದು, ಕಟ್ಟಡದ್ದಲ್ಲ’ ಎಂದು ಅವರು ವಿನಯದಿಂದ ತಿಳಿಸಿ ನನ್ನನ್ನು ಕೂರಿಸಿದರು.

ಪ್ರಾಯೋಗಿಕ ಪರೀಕ್ಷೆಯಲ್ಲಿ ಸಿಲಿಂಡರನ್ನು ಪ್ರಯೋಗಿಸುವಂತಿರಲಿಲ್ಲ, ಮತ್ತೆ ತುಂಬಿಸಲು ಖರ್ಚಾಗುತ್ತದೆ. ಆದ್ದರಿಂದ ಪಿನ್ ಎಳೆಯುವುದು, ಗುರಿ ಹಿಡಿಯುವುದು, ಹಿಡಿ ಒತ್ತುವುದು, ಬುಡದಲ್ಲಿ ಎಡಬಲಕ್ಕೆ ಬೀಸುವುದು ಇವಿಷ್ಟನ್ನೂ ಬರಿಗೈಯಲ್ಲಿ ಅಭಿನಯಿಸಬೇಕಾಗಿತ್ತು. ಕಂಪನಿ ನಾಟಕಗಳನ್ನು ಸಾಕಿ ಬೆಳೆಸಿದ ಊರಿನಲ್ಲಿ ಹುಟ್ಟಿದ್ದು ಆ ದಿನ ಉಪಯೋಗಕ್ಕೆ ಬಂತು, ಇಲ್ಲದ ಬೆಂಕಿಯನ್ನು ಇಲ್ಲದ ಸಿಲಿಂಡರಿನಿಂದ ನಂದಿಸಿ ಪೂರ್ಣ ಅಂಕ ಪಡೆದೆ. ಕಳೆದುಕೊಂಡದ್ದು ಬರವಣಿಗೆಯಲ್ಲಿ. ಕಾದ ಅಡುಗೆ ಎಣ್ಣೆ ಹೊತ್ತಿಕೊಂಡರೆ ಏನು ಬಳಸಬೇಕೆಂಬ ಪ್ರಶ್ನೆಗೆ ನೀರು, ಒಣ ಪುಡಿ, ವೆಟ್ ಕೆಮಿಕಲ್, ಮರಳು ಎಂಬ ನಾಲ್ಕು ಆಯ್ಕೆಗಳಿದ್ದವು. ಒಲೆ ಆರಿಸಿ ಮುಚ್ಚಳ ಮುಚ್ಚಬೇಕು ಎಂದು ನಾನು ಅಂಚಿನಲ್ಲಿ ಬರೆದೆ. ಎಣ್ಣೆಯ ಬೆಂಕಿಗೆಂದೇ ಇರುವ ದ್ರಾವಣವಾದ ವೆಟ್ ಕೆಮಿಕಲ್ ಎಂಬುದು ಸರಿಯಾದ ಉತ್ತರವೇ, ತಕರಾರಿಲ್ಲ. ಆದರೆ ಸಂಜೆಯ ಹೊತ್ತು ಈ ಊರಿನಲ್ಲಿ ಮಿರ್ಚಿ ಕರಿಯುವ ಯಾವ ಗಾಡಿಯಲ್ಲೂ ನಾನು ಅಂಥ ಸಿಲಿಂಡರನ್ನು ಕಂಡಿಲ್ಲ, ಮುಚ್ಚಳವಿಲ್ಲದ ಬಾಣಲೆಯನ್ನು ಮಾತ್ರ ದಿನವೂ ಕಾಣುತ್ತೇನೆ. ಆಯ್ಕೆಗಳ ಹೊರಗೆ ಉತ್ತರಿಸಿದ್ದಕ್ಕಾಗಿ ಸೊನ್ನೆ ಬಂತು.

ಅಂತೂ ಪ್ರಮಾಣಪತ್ರ ಕೈಸೇರಿತು. ಕೌಶಲದ ಅರ್ಹತೆಯನ್ನು ಅಳೆಯುವ ಎಂಟು ಹಂತಗಳ ರಾಷ್ಟ್ರೀಯ ಏಣಿಯಲ್ಲಿ ನನ್ನನ್ನು ನಾಲ್ಕನೆಯ ಮೆಟ್ಟಿಲಿನಲ್ಲಿ ಕೂರಿಸಿದ್ದಾರೆ. ನನ್ನ ವರದಿಗಳನ್ನು ಆ ಕಚೇರಿಯವರು ಈಗ ಮತ್ತೆ ಸ್ವೀಕರಿಸುತ್ತಾರೆ. ಓದದಿರುವುದೂ ಮೊದಲಿನಂತೆಯೇ.

ಸುದ್ದಿ ತಿಳಿದು ಎಲ್ಲರಿಗಿಂತ ಮೊದಲು ಫೋನ್ ಮಾಡಿದವರು ಮಂಟಪದ ಸಾಹುಕಾರರು. ಅರ್ಹತೆಯುಳ್ಳವರಿಂದ ತಪಾಸಣೆಯಾಗಿದೆ ಎಂದು ಬಂದವರಿಗೆ ಕಾಣುವಂತೆ ಹಾಕಬೇಕು, ಒಂದು ಕಲರ್ ಜೆರಾಕ್ಸ್ ಕೊಡಿ ಎಂದರು. ಕೊಟ್ಟೆ. ಹೋದ ವಾರ ಒಂದು ಮದುವೆಯ ಊಟಕ್ಕೆ ಹೋದಾಗ, ಗಾಜಿನ ಚೌಕಟ್ಟಿನೊಳಗೆ ನನ್ನ ಫೋಟೊ, ಮುದ್ರೆ, ಹಂತದ ಸಂಖ್ಯೆ ಎಲ್ಲವೂ ಊಟದ ಹಾಲಿನ ಹಿಂಬಾಗಿಲ ಮೇಲೆ, ಪಂಕ್ತಿಯಲ್ಲಿ ಕೂತವರೆಲ್ಲರಿಗೂ ಕಾಣುವಂಥ ಎತ್ತರದಲ್ಲಿ ರಾರಾಜಿಸುತ್ತಿದ್ದವು. ಕೈ ತೊಳೆದು ಬಂದು ಬಾಗಿಲನ್ನು ತಳ್ಳಿ ನೋಡಿದೆ, ಅಲ್ಲಾಡಲಿಲ್ಲ. ತೆರೆದು ಮುಚ್ಚಿ ಮಾಡಿದರೆ ಚೌಕಟ್ಟು ಬಿದ್ದು ಗಾಜು ಒಡೆಯುತ್ತದೆಂದು ಬೀಗ ಹಾಕಿಸಿದ್ದಾರೆ ಎಂದು ಕಾವಲುಗಾರ ಹೇಳಿದ. ಕೀಲಿಕೈ ಎಲ್ಲಿದೆ ಎಂದು ಕೇಳಿದೆ. ಸಾಹುಕಾರರ ಹತ್ತಿರ ಇದೆ, ಅವರು ಹರಿಹರಕ್ಕೆ ಹೋಗಿದ್ದಾರೆ ಎಂದ.