ಅವರೇ ಹಾಕಲಿ ಅಂತ

ನಮ್ಮ ಮೆಟ್ಟಿಲಿನ ಬಲ್ಬು ಹೋಗಿ ಇಪ್ಪತ್ತು ದಿನವಾಯಿತು. ಈ ಮಹಡಿಯಲ್ಲಿರುವುದು ಎರಡೇ ಮನೆ, ನಮ್ಮದು ಮತ್ತು ಎದುರಿನವರದು. ಹೋದ ಸಲ ಬಲ್ಬು ಹಾಕಿಸಿದ್ದು ನಾನು. ಅವರ ಲೆಕ್ಕದಲ್ಲಿ ಅವರು. ಈಗ ಇಬ್ಬರೂ ಮೊಬೈಲ್ ಟಾರ್ಚ್ ಹಿಡಿದು ತಡವರಿಸುತ್ತ ಹತ್ತುತ್ತೇವೆ. ಎದುರಾದರೆ "ಊಟ ಆಯ್ತಾ ಸಾರ್?" ಅಂತ ಹಲ್ಲು ಕಿರಿಯುತ್ತೇವೆ. ಬಲ್ಬಿನ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಿದವರು ಸೋತ ಹಾಗೆ.

ನಿನ್ನೆ ರಾತ್ರಿ ಮೂರನೇ ಮೆಟ್ಟಿಲಿಗೆ ಹೆಬ್ಬೆರಳು ಜಜ್ಜಿಕೊಂಡು ಕೂತಾಗ ನೆನಪಾದವನು ಬ್ರಿಕ್ ಸ್ಕೋಟೆ.

ಬೆಲ್ಜಿಯಂನವನು. 1948ರ ಆಗಸ್ಟ್‌ನಲ್ಲಿ ಹಾಲೆಂಡಿನ ವಾಲ್ಕೆನ್‌ಬರ್ಗ್‌ನಲ್ಲಿ ನಡೆದ ರಸ್ತೆ ಸೈಕಲ್ ವಿಶ್ವ ಚಾಂಪಿಯನ್‌ಶಿಪ್ ಗೆದ್ದವನು. ಆ ರೇಸಿನ ಬಗ್ಗೆ ಏನೇ ಓದಿದರೂ ಗೆದ್ದವನಿಗೆ ಒಂದು ಸಾಲು, ಗುರಿಯನ್ನೇ ಮುಟ್ಟದ ಇಬ್ಬರು ಇಟಾಲಿಯನ್ನರಿಗೆ ಪುಟಗಟ್ಟಲೆ. ನನಗೆ ಮೈ ಉರಿಯುತ್ತದೆ. ಇವತ್ತು ಸ್ಕೋಟೆಯ ಬಗ್ಗೆಯೇ ಬರೆಯುವುದು. ಆ ಇಬ್ಬರನ್ನು ಎರಡು ಮಾತಲ್ಲಿ ಮುಗಿಸಿಬಿಡುತ್ತೇನೆ.

ಜೀನೊ ಬಾರ್ತಲಿ, ಫೌಸ್ತೊ ಕೊಪ್ಪಿ. ಬಾರ್ತಲಿ ಐದು ವರ್ಷ ದೊಡ್ಡವನು. 1940ರಲ್ಲಿ ಕೊಪ್ಪಿ ಅವನ ತಂಡದಲ್ಲಿ ಸಹಾಯಕ. ಅಂದರೆ ನಾಯಕನಿಗೆ ನೀರು ತಂದುಕೊಡುವವನು, ಅವನ ಮುಂದೆ ಗಾಳಿಗೆ ಎದೆಕೊಟ್ಟು ತುಳಿಯುವವನು. ಆ ವರ್ಷದ ಜಿರೊ ಡಿ'ಇಟಾಲಿಯಾವನ್ನು, ಅಂದರೆ ಇಟಲಿ ಸುತ್ತುವ ದೊಡ್ಡ ಸೈಕಲ್ ರೇಸನ್ನು, ಈ ಇಪ್ಪತ್ತರ ಹುಡುಗ ತಾನೇ ಗೆದ್ದುಬಿಟ್ಟ. ಅಲ್ಲಿಂದ ಶುರು.

1946ರ ಜಿರೊದಲ್ಲಿ ಕೊಪ್ಪಿ ಒಂದು ಪುಟ್ಟ ಗಾಜಿನ ಸೀಸೆಯಿಂದ ಏನನ್ನೋ ಕುಡಿದು ರಸ್ತೆ ಬದಿಗೆ ಎಸೆದ. ಕಸುವು ಏರಿಸುವ ಮದ್ದಿರಬೇಕು ಅನ್ನುವ ಅನುಮಾನದಲ್ಲಿ ಬಾರ್ತಲಿ ಆ ಜಾಗ ಗುರುತಿಟ್ಟುಕೊಂಡ. ಆಮೇಲೆ ಕಾರಿನಲ್ಲಿ ವಾಪಸ್ ಹೋಗಿ, ಹುಲ್ಲಿನಲ್ಲಿ ಹುಡುಕಿ, ಸೀಸೆ ಹೆಕ್ಕಿ ಪರೀಕ್ಷೆಗೆ ಕಳಿಸಿದ. ಏನು ಸಿಕ್ಕಿತು? ಡಾಕ್ಟರ ಚೀಟಿ ಇಲ್ಲದೆಯೂ ಕೊಡುವ ಮಾಮೂಲಿ ಟಾನಿಕ್ಕು! ಇದನ್ನು ಬಾರ್ತಲಿಯೇ ಹೇಳಿಕೊಂಡಿದ್ದಾನೆ. ಕೊಪ್ಪಿ ಹೋಟೆಲಿನ ಕೋಣೆ ಖಾಲಿ ಮಾಡಿದ ಕೂಡಲೇ ಒಳಗೆ ನುಗ್ಗಿ ಕಸದ ಬುಟ್ಟಿ ಕೆದಕುತ್ತಿದ್ದನಂತೆ. ಎಂಥ ಸಣ್ಣತನ, ಅಲ್ವಾ? ಎದುರು ಮನೆಯವರ ಕಸದ ಬುಟ್ಟಿಯಲ್ಲಿ ಬಲ್ಬಿನ ಖಾಲಿ ಡಬ್ಬಿ ಇದೆಯಾ ಅಂತ ನಾನು ನೋಡಿದ್ದು ಒಂದೇ ಸಲ. ಇತ್ತು. ಒಳಗಿನ ಕೋಣೆಗೆ ತಂದಿರಬೇಕು!

ಇಂಥ ಇಬ್ಬರನ್ನು ವಾಲ್ಕೆನ್‌ಬರ್ಗ್‌ನಲ್ಲಿ ಒಂದೇ ತಂಡಕ್ಕೆ ಹಾಕಿದರು. ಆ ಹೊತ್ತಿಗೆ ಇಬ್ಬರೂ ಬೇರೆ ಬೇರೆ ಸೈಕಲ್ ಕಂಪನಿಗಳ ತಂಡದಲ್ಲಿದ್ದರು, ಆದರೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಪನಿಯ ತಂಡ ನಡೆಯುವುದಿಲ್ಲ, ದೇಶದ ತಂಡವೇ ಆಗಬೇಕು. ಸುಮಾರು 267 ಕಿಲೋಮೀಟರ್ ದಾರಿ. ಕೌಬರ್ಗ್ ಅನ್ನುವ ದಿಣ್ಣೆಯನ್ನು ಮತ್ತೆ ಮತ್ತೆ ಹತ್ತಬೇಕು. ಮುಂದಿದ್ದ ಸವಾರರು ಗುಂಪಿನಿಂದ ಬಿಡಿಸಿಕೊಂಡು ಮುಂದೆ ಹೊರಟರು. ಅವನು ಬೆನ್ನಟ್ಟಲಿ ಅಂತ ಇವನು, ಇವನು ಬೆನ್ನಟ್ಟಲಿ ಅಂತ ಅವನು. ಮುಂದಾದವನ ಬೆನ್ನ ಹಿಂದೆ ಗಾಳಿಯ ಮರೆ ಬಿಟ್ಟಿಯಾಗಿ ಸಿಗುತ್ತದಲ್ಲ, ಅದನ್ನು ಇನ್ನೊಬ್ಬನಿಗೆ ಕೊಡಲು ಹೊಟ್ಟೆಕಿಚ್ಚು. ಹೀಗೇ ಒಬ್ಬರನ್ನೊಬ್ಬರು ಕಾಯುತ್ತ ಹಿಂದೆ ಬಿದ್ದು, ಕೊನೆಗೆ ಇಬ್ಬರೂ ರೇಸು ಬಿಟ್ಟು ಸೈಕಲ್ ಇಳಿದರು. ಇಟಲಿಯ ಸೈಕಲ್ ಸಂಸ್ಥೆ ಇಬ್ಬರನ್ನೂ ಕೆಲವು ತಿಂಗಳು ಅಮಾನತಿನಲ್ಲಿಟ್ಟಿತು. ನನ್ನ ಕೇಳಿದರೆ ಕಮ್ಮಿಯಾಯಿತು. ಬಾರ್ತಲಿಗಂತೂ ಆಗ 34 ವರ್ಷ. ಹಿಂದಿನ ತಿಂಗಳಷ್ಟೇ ಟೂರ್ ಡಿ ಫ್ರಾನ್ಸ್ ಗೆದ್ದಿದ್ದ. ಸಾಲದಾ ಅವನಿಗೆ? ಆ ಟೂರ್‌ನಲ್ಲಿ ಅವನ ಹಿಂದೆ ಎರಡನೆಯವನಾಗಿ ಬಂದವನು ಸ್ಕೋಟೆ.

ಹಾಂ, ಸ್ಕೋಟೆ. ಗೆದ್ದ. ಎರಡು ವರ್ಷ ಬಿಟ್ಟು, 1950ರಲ್ಲಿ, ಅದೇ ವಿಶ್ವ ಚಾಂಪಿಯನ್‌ಶಿಪ್ ಮತ್ತೆ ಗೆದ್ದ. ತನ್ನ ಸೀಮೆಯ ಟೂರ್ ಆಫ್ ಫ್ಲಾಂಡರ್ಸ್ ರೇಸಿನಲ್ಲಿ ಒಂದು ವರ್ಷವೂ ಬಿಡದೆ 20 ಸಲ ಓಡಿದ. ಅವನನ್ನು ಕಬ್ಬಿಣದ ಬ್ರಿಕ್ ಅನ್ನುತ್ತಿದ್ದರು. ಯಾಕೆಂದರೆ...

ಇರಿ, ಎದುರು ಮನೆಯ ಬಾಗಿಲು ತೆರೆದ ಸದ್ದಾಯಿತು. ಸ್ಟೂಲು ಎಳೆಯುತ್ತಿರುವ ಹಾಗಿದೆ. ಲೈಟ್ ಆರಿಸಿ, ಬಾಗಿಲ ಕಿಂಡಿಯಲ್ಲಿ ನೋಡಿ ಬರುತ್ತೇನೆ.