ಮಲೆನಾಡಿನ ಏರಿಗೆ ಹೈಬ್ರಿಡ್ ಸೈಕಲ್: ಹಾಲೆಂಡಿನಿಂದ ಕಂಡಂತೆ

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಸೈಕಲ್ ಅಂಗಡಿಗೆ ಹೋದವರು ಮೊದಲು ಕೇಳುವುದು "ಎಷ್ಟು ಗೇರು?" ಅಂತ. ನಾನಿರುವ ಹಾಲೆಂಡಿನ ಉಟ್ರೆಕ್ಟಿನಲ್ಲಿ ಮೊದಲ ಪ್ರಶ್ನೆ ಅಂಗಡಿಯವನದು: ದಿನಕ್ಕೆ ಎಷ್ಟು ದೂರ, ಮಳೆಯಲ್ಲೂ ಹೋಗುತ್ತೀರಾ, ಹಿಂದೆ ಸಾಮಾನು ಕಟ್ಟುತ್ತೀರಾ? ಈ ಕೇಳುವ ಕ್ರಮವನ್ನು ನಮ್ಮೂರಿನವರು ಖಂಡಿತ ಕಲಿಯಬೇಕು. ಆದರೆ ಇಲ್ಲಿನವರು ಕೊನೆಗೆ ಆರಿಸುವ ಸೈಕಲ್ಲನ್ನೇ ನಾವೂ ಆರಿಸಿದರೆ ಕೆಟ್ಟೆವು. ಯುರೋಪಿನ ನೆಲದಲ್ಲಿ ಹಾಲೆಂಡಿನ ಅತಿ ಎತ್ತರದ ಜಾಗ ಫಾಲ್ಸರ್‌ಬರ್ಗ್, 322 ಮೀಟರ್. ಚಿಕ್ಕಮಗಳೂರು ಪೇಟೆಯೇ ಸುಮಾರು 1,090 ಮೀಟರ್ ಎತ್ತರದಲ್ಲಿದೆ; ಮುಳ್ಳಯ್ಯನಗಿರಿ ಅದಕ್ಕಿಂತ 800 ಮೀಟರಿಗೂ ಮೇಲೆ. ಹಾಲೆಂಡಿನಲ್ಲಿ ಸವಾರನ ಶತ್ರು ಎದುರುಗಾಳಿ. ಮಲೆನಾಡಿನಲ್ಲಿ ಏರು, ಇಳಿಜಾರು, ಜೂನಿನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಗುಂಡಿ.

ಹೈಬ್ರಿಡ್ ಎಂದರೆ ರೋಡ್ ಬೈಕಿಗೂ ಮೌಂಟನ್ ಬೈಕಿಗೂ ನಡುವಿನದು. ಆ ಹೆಸರಲ್ಲಿ ಎರಡು ಬೇರೆ ಬೇರೆ ಸೈಕಲ್ ಮಾರಾಟವಾಗುತ್ತವೆ. ಒಂದು ಫಿಟ್‌ನೆಸ್ ಬೈಕ್: ನೇರ ಹ್ಯಾಂಡಲ್, ಗಟ್ಟಿ ಫೋರ್ಕ್ (ಮುಂದಿನ ಗಾಲಿ ಹಿಡಿಯುವ ಕವಲು), 32ರಿಂದ 40 ಮಿಲಿಮೀಟರ್ ಅಗಲದ ಟಯರ್, ಮೈಮೇಲೆ ಬೇರೇನೂ ಇಲ್ಲ. ಇನ್ನೊಂದು ಮುಂದೆ ಸಸ್ಪೆನ್ಷನ್ ಇರುವ ಭಾರದ ಸೈಕಲ್. ನಮ್ಮ ಕಡೆ ಎರಡನೆಯದನ್ನು ಕಂಡರೆ ಜನಕ್ಕೆ ಆಸೆ ಜಾಸ್ತಿ, ಗುಂಡಿ ರಸ್ತೆಗೆ ಅದೇ ಸರಿ ಎಂಬ ನಂಬಿಕೆ. ನನ್ನ ಆಯ್ಕೆ ಮೊದಲನೆಯದು. ಕಾರಣ ಮುಂದೆ ಹೇಳುತ್ತೇನೆ. ಮೊದಲು ಗೇರಿನ ವಿಷಯ, ಯಾಕೆಂದರೆ ಅತಿ ಹೆಚ್ಚು ದುಡ್ಡು ಹಾಳಾಗುವುದು ಅಲ್ಲೇ.

ಗೇರಿನ ಸಂಖ್ಯೆ ಮರೆತುಬಿಡಿ. ಮುಂದಿನ ಅತಿ ಚಿಕ್ಕ ಚೈನ್‌ವೀಲಿಗೆ (ಪೆಡಲ್ ಪಕ್ಕದ ಹಲ್ಲಿನ ಚಕ್ರ) ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲಿನ ಚಕ್ರಕ್ಕೆ ಎಷ್ಟು ಹಲ್ಲು, ಇವೆರಡನ್ನು ಬರೆದುಕೊಳ್ಳಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 2.17ರಿಂದ ಗುಣಿಸಿ. 35 ಮಿಮೀ ಟಯರಿನ 700ಸಿ ಗಾಲಿಯ (ಹೈಬ್ರಿಡ್ಡಿನ ಗಾಲಿಯ ಅಳತೆ) ಸುತ್ತಳತೆ ಸುಮಾರು ಅಷ್ಟು ಮೀಟರ್. ಬರುವ ಉತ್ತರ, ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಎಷ್ಟು ಮೀಟರ್ ಮುಂದೆ ಹೋಗುತ್ತದೆ ಎಂಬುದು. ಏರಿನಲ್ಲಿ ಈ ಸಂಖ್ಯೆ ಕಡಿಮೆ ಇದ್ದಷ್ಟೂ ಮಂಡಿಗೆ ಒಳ್ಳೆಯದು.

ಅಂಗಡಿಯಲ್ಲಿ ಸಿಗುವ ಜೋಡಿಗಳನ್ನೇ ಲೆಕ್ಕ ಹಾಕೋಣ. ಮುಂದೆ 48, 38, 28 ಹಲ್ಲಿನ ಮೂರು ಚಕ್ರ (48-38-28), ಹಿಂದೆ 11ರಿಂದ 34 ಹಲ್ಲಿನವು (11-34) ಇದ್ದರೆ ಅತಿ ಹಗುರ ಗೇರಿನಲ್ಲಿ 1.79 ಮೀಟರ್. ಮುಂದೆ 46-30, ಹಿಂದೆ 11-34ರ ಎಂಟು ಚಕ್ರ, ಅಂದರೆ ಹದಿನಾರು ಗೇರ್ ಇದ್ದರೆ 1.91. ಮುಂದೆ ಮೂರು, ಹಿಂದೆ 14-28ರ ಏಳು ಚಕ್ರದ ಫ್ರೀವೀಲ್, ಅಂದರೆ "21 ಗೇರ್" ಎಂದು ಮಾರುವ ಸೈಕಲ್ಲಿನಲ್ಲಿ ಮುಂದಿನ ಚಿಕ್ಕ ಚಕ್ರ 28 ಹಲ್ಲಿನದಾದರೆ 2.17. ಈಗ ಫ್ಯಾಷನ್ ಆಗಿರುವ ಒಂಟಿ ಚೈನ್‌ವೀಲ್, ಮುಂದೆ 38, ಹಿಂದೆ 11-34 ಇದ್ದರೆ 2.43. ಇಪ್ಪತ್ತೊಂದು ಗೇರಿನ ಸೈಕಲ್ಲಿಗಿಂತ ಹದಿನಾರು ಗೇರಿನದು ಏರಿಗೆ ಹಗುರ ಎಂಬುದು ಇಲ್ಲೇ ಕಾಣುತ್ತದಲ್ಲ.

ಈ ವ್ಯತ್ಯಾಸ ಕಾಲಿಗೆ ಹೇಗೆ ತಾಗುತ್ತದೆ ನೋಡಿ. ಸವಾರ 75 ಕೆಜಿ, ಸೈಕಲ್ 13 ಕೆಜಿ, ಏರು ನೂರಕ್ಕೆ ಎಂಟು ಅಂದುಕೊಳ್ಳಿ. ನಿಮಿಷಕ್ಕೆ 60 ಸುತ್ತು ತುಳಿಯಬೇಕೆಂದರೆ 1.79ರ ಗೇರಿನಲ್ಲಿ ವೇಗ ಗಂಟೆಗೆ 6.4 ಕಿಮೀ, ಬೇಕಾಗುವ ಶಕ್ತಿ ಸುಮಾರು 140 ವ್ಯಾಟ್. 2.43ರ ಗೇರಿನಲ್ಲಿ ಅದೇ 60 ಸುತ್ತಿಗೆ 8.7 ಕಿಮೀ ವೇಗ, ಸುಮಾರು 190 ವ್ಯಾಟ್. ಹೊಸದಾಗಿ ಶುರು ಮಾಡಿದ ಹೆಚ್ಚಿನವರಿಗೆ 190 ವ್ಯಾಟ್ ಅರ್ಧ ಗಂಟೆ ತಡೆಯುವುದಿಲ್ಲ. ಆಗ ಸುತ್ತು 40ಕ್ಕೆ ಇಳಿಯುತ್ತದೆ, ಎದ್ದು ನಿಂತು ತುಳಿಯುತ್ತಾರೆ, ಮಂಡಿ ಚಿಪ್ಪಿನ ಕೆಳಗೆ ನೋವು ಶುರುವಾಗುತ್ತದೆ, ಸೈಕಲ್ ಗೋಡೆಗೆ ಒರಗುತ್ತದೆ. ಪೇಟೆಯಿಂದ ಮುಳ್ಳಯ್ಯನಗಿರಿಗೆ ಸುಮಾರು 20 ಕಿಮೀ, ಸರಾಸರಿ ಏರು ನೂರಕ್ಕೆ ನಾಲ್ಕು ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. ಸರಾಸರಿಯಲ್ಲಿ ಸಮತಟ್ಟೂ ಸೇರಿರುತ್ತದೆ. ಕೈಮರ ದಾಟಿದ ಮೇಲಿನ ತಿರುವುಗಳು ಬೇರೆಯೇ ಲೆಕ್ಕ.

ಒಂಟಿ ಚೈನ್‌ವೀಲಿನ ಸೈಕಲ್ ಹಾಲೆಂಡಿನಲ್ಲಿ ಯಾಕೆ ನಡೆಯುತ್ತದೆ? ಇಲ್ಲಿನ ಊರೊಳಗಿನ ಸೈಕಲ್ಲುಗಳಲ್ಲಿ ಹಬ್ಬಿನೊಳಗೇ (ಗಾಲಿಯ ನಡುಭಾಗದೊಳಗೇ) ಗೇರ್ ಇರುವುದು ಸಾಮಾನ್ಯ. ಜಪಾನಿನ ಗೇರ್ ಕಂಪನಿ ಶಿಮಾನೊದ ನೆಕ್ಸಸ್ ಎಂಟು ಗೇರಿನ ಹಬ್ಬಿನಲ್ಲಿ ಅತಿ ಹಗುರಕ್ಕೂ ಅತಿ ಭಾರಕ್ಕೂ ಇರುವ ಅಂತರ 307 ಶೇಕಡಾ, ಅಂದರೆ ಹಗುರದ ಸುಮಾರು ಮೂರು ಪಟ್ಟು ಭಾರದ್ದು. 11-34ರ ಒಂಟಿ ಚೈನ್‌ವೀಲಿನದು 309. ಸಪಾಟು ನೆಲಕ್ಕೆ ಅಷ್ಟು ಸಾಕು. 46-30 ಮತ್ತು 11-34 ಸೇರಿದರೆ 474. ಏರನ್ನೂ ಇಳಿಜಾರನ್ನೂ ಒಂದೇ ದಿನ ಕಾಣುವ ಮಲೆನಾಡಿಗೆ ಬೇಕಾದದ್ದು ಈ ಅಂತರ. ಈಗಾಗಲೇ ಒಂಟಿ ಚೈನ್‌ವೀಲಿನದನ್ನು ಕೊಂಡಿದ್ದರೆ ದಾರಿ ಉಂಟು: 38ರ ಬದಲು 32 ಹಲ್ಲಿನದನ್ನು ಹಾಕಿಸಿ, ಚೈನಿನಲ್ಲಿ ಒಂದೆರಡು ಜೋಡಿ ಕೊಂಡಿ ಕಡಿಮೆ ಮಾಡಿಸಿ. ಆಗ 2.04 ಮೀಟರಿಗೆ ಇಳಿಯುತ್ತದೆ. ಭಾರದ ಗೇರಿನಲ್ಲಿ ನಿಮಿಷಕ್ಕೆ 80 ಸುತ್ತಿಗೆ ಆಗಲೂ ಗಂಟೆಗೆ 30 ಕಿಮೀ ಸಿಗುತ್ತದೆ, ಕಳೆದುಕೊಂಡದ್ದು ಏನೂ ಇಲ್ಲ. ಆದರೆ ಕೊಳ್ಳುವ ಮೊದಲೇ ನೋಡಬೇಕಾದ್ದು: ಚೈನ್‌ವೀಲ್ ಕ್ರ್ಯಾಂಕಿಗೆ (ಪೆಡಲ್ ಕೂತಿರುವ ತೋಳಿಗೆ) ಬೋಲ್ಟಿನಲ್ಲಿ ಕೂತಿದೆಯೋ, ರಿವೆಟ್ ಹೊಡೆದಿದ್ದಾರೋ? ರಿವೆಟ್ ಆದರೆ ಇಡೀ ಕ್ರ್ಯಾಂಕ್ ಬದಲಿಸಬೇಕು. ನಾಲ್ಕು ಬೋಲ್ಟು ಕೂತ ವೃತ್ತದ ವ್ಯಾಸ 104 ಮಿಮೀ ಆದರೆ 32 ಹಲ್ಲಿನದು ಕೂರುತ್ತದೆ. ಐದು ಬೋಲ್ಟಿನ 130 ಮಿಮೀ ಆದರೆ 38ಕ್ಕಿಂತ ಚಿಕ್ಕದು ಕೂರುವುದಿಲ್ಲ.

ಹಿಂದಿನ ಹಬ್ಬಿನ ಬಗ್ಗೆಯೂ ಒಂದು ಮಾತು. ಅಗ್ಗದ ಸೈಕಲ್ಲಿನಲ್ಲಿ ಫ್ರೀವೀಲ್ ಹಬ್ಬಿನ ಮೇಲೆ ತಿರುಗಿಸಿ ಕೂರಿಸಿರುತ್ತಾರೆ. ಬಲಗಡೆಯ ಬೇರಿಂಗ್ ಫ್ರೀವೀಲಿಗಿಂತ ಒಳಕ್ಕೆ, ಗಾಲಿಯ ನಡುವಿನ ಕಡೆಗೆ ಉಳಿಯುವುದರಿಂದ ಆ್ಯಕ್ಸಲಿನ ಬಲತುದಿಗೆ ಆಸರೆ ಇಲ್ಲ. ತೂಕದ ಸವಾರ ಗುಂಡಿಗೆ ಇಳಿಸಿದರೆ ಅದು ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಕ್ಯಾಸೆಟ್ ಹಬ್ಬಿನಲ್ಲಿ (ಇದರಲ್ಲಿ ಫ್ರೀವೀಲಿನ ಯಂತ್ರ ಹಬ್ಬಿಗೇ ಸೇರಿರುತ್ತದೆ, ಹಲ್ಲಿನ ಚಕ್ರಗಳ ಗುಚ್ಛ ಮಾತ್ರ ಅದರ ಮೇಲೆ ಕೂರುತ್ತದೆ) ಬೇರಿಂಗ್ ತುದಿಯ ಹತ್ತಿರ ಇರುತ್ತದೆ. 80 ಕೆಜಿ ಮೇಲಿನವರು ಕ್ಯಾಸೆಟ್ ಇಲ್ಲದ ಸೈಕಲ್ ಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶಿಮಾನೊದ ಹೊಸ ಕ್ಯೂಸ್ ಗೇರ್ ಸರಣಿ ಹೆಚ್ಚು ಬಾಳುವಂತೆ ಮಾಡಿದ್ದು ನಿಜ, ಆದರೆ ಅದರ ಕ್ಯಾಸೆಟ್ಟಿನ ಚಕ್ರಗಳ ನಡುವಿನ ಅಂತರ ಹಳೆಯದಕ್ಕೆ ಹೊಂದುವುದಿಲ್ಲ. ಎಂಟು ಗೇರಿನ ಹಳೆಯ ಮಾದರಿಯ ಚೈನು, ಕ್ಯಾಸೆಟ್ ಜಿಲ್ಲಾ ಕೇಂದ್ರದಲ್ಲೇ ಸಿಗುವ ಸಂಭವ ಹೆಚ್ಚು. ಸಕಲೇಶಪುರ, ಮೂಡಿಗೆರೆ ಕಡೆಯವರು ಇದನ್ನು ಮನಸ್ಸಿನಲ್ಲಿಡಬೇಕು.

ಇನ್ನು ಸಸ್ಪೆನ್ಷನ್. 20,000 ರೂಪಾಯಿ ಆಸುಪಾಸಿನ ಸೈಕಲ್ಲಿಗೆ ಹಾಕುವ ಸ್ಪ್ರಿಂಗ್ ಫೋರ್ಕ್ ಒಂದೇ ಎರಡು ಕೆಜಿ ದಾಟುತ್ತದೆ, ಗಟ್ಟಿ ಫೋರ್ಕಿನ ಎರಡರಷ್ಟು. ಏರಿನಲ್ಲಿ ಎದ್ದು ತುಳಿದರೆ ಶ್ರಮದ ಒಂದು ಪಾಲನ್ನು ಸ್ಪ್ರಿಂಗ್ ನುಂಗುತ್ತದೆ. ಒಳಗಿನ ಕೊಳವೆ ಉಕ್ಕಿನದು. ಒಂದು ಮಳೆಗಾಲ ಕೆಂಪು ಮಣ್ಣಿನ ಕೆಸರು ಸೀಲಿನ ಸುತ್ತ ಕೂತರೆ ತುಕ್ಕು ಹಿಡಿದು ಜಾಮ್ ಆಗುತ್ತದೆ, ಆಮೇಲೆ ಅದು ಬರೀ ಭಾರದ ಗಟ್ಟಿ ಫೋರ್ಕ್. ಗುಂಡಿಯ ಏಟನ್ನು ಅಗ್ಗದಲ್ಲಿ, ರಿಪೇರಿ ಇಲ್ಲದೆ ತಾಳುವುದು ಅಗಲದ ಟಯರ್. ಆದ್ದರಿಂದ ಫ್ರೇಮಿಗೂ ಫೋರ್ಕಿಗೂ ಎಷ್ಟು ಅಗಲದ ಟಯರ್ ಹಿಡಿಯುತ್ತದೆ ಎಂದು ಕೇಳಿ. ಮಡ್‌ಗಾರ್ಡ್ ಹಾಕಿದ ಮೇಲೂ 38ರಿಂದ 40 ಮಿಮೀ ಹಿಡಿದು, ಸುತ್ತ ಐದಾರು ಮಿಲಿಮೀಟರ್ ಖಾಲಿ ಉಳಿಯಬೇಕು. ಖಾಲಿ ಇಲ್ಲದಿದ್ದರೆ ತೋಟದ ರಸ್ತೆಯ ಕೆಸರು ಅಲ್ಲೇ ಅಂಟಿ ಗಾಲಿ ನಿಲ್ಲುತ್ತದೆ. 75 ಕೆಜಿ ಸವಾರನಿಗೆ 40 ಮಿಮೀ ಟಯರಿನಲ್ಲಿ ಹಿಂದೆ 50, ಮುಂದೆ 45 ಪಿಎಸ್‌ಐ ಗಾಳಿಯಿಂದ ಶುರು ಮಾಡಿ. ರಿಮ್ ಗುಂಡಿಯ ಅಂಚಿಗೆ ಬಡಿದು ಟ್ಯೂಬಿನಲ್ಲಿ ಜೋಡಿ ತೂತು ಬಿದ್ದರೆ ಗಾಳಿ ಕಡಿಮೆ ಆಯಿತು ಎಂದರ್ಥ, ಐದು ಪಿಎಸ್‌ಐ ಏರಿಸಿ.

ಟಯರ್ ಕೊಳ್ಳುವಾಗ ಒಂದು ಮೋಸ ಹೋಗುವ ಜಾಗ ಇದೆ. 700ಸಿ ಗಾಲಿಯನ್ನು "28 ಇಂಚು" ಎಂದೂ ಕರೆಯುತ್ತಾರೆ. ಹಾಲು ಹಾಕುವವರ ಹಳೆಯ ಕಪ್ಪು ಸೈಕಲ್ಲಿನ ಟಯರಿನ ಮೇಲೂ 28 × 1½ ಎಂದಿರುತ್ತದೆ, ಅದು ಹಳ್ಳಿ ಅಂಗಡಿಯಲ್ಲೂ ಸಿಗುತ್ತದೆ. ಎರಡೂ ಒಂದಲ್ಲ: ಹೈಬ್ರಿಡ್ಡಿನ ರಿಮ್ ವ್ಯಾಸ 622 ಮಿಮೀ, ಹಳೆಯದು 635. ಟಯರಿನ ಪಕ್ಕದಲ್ಲಿ 40-622 ಎಂಬಂತೆ ಅಚ್ಚಾಗಿರುವ ಸಂಖ್ಯೆಯನ್ನೇ ನೋಡಿ ತನ್ನಿ. ವಾಲ್ವ್ ಕಾರು, ಮೋಟಾರ್ ಬೈಕಿನ ಥರದ ದಪ್ಪನೆಯದಾಗಿದ್ದರೆ ಪಂಕ್ಚರ್ ಅಂಗಡಿಯಲ್ಲೂ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಿಡಿಯುತ್ತದೆ. ತೆಳ್ಳನೆಯ ಪ್ರೆಸ್ಟಾ ಆದರೆ ಚಿಕ್ಕ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿರಲಿ. ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆಯಲ್ಲಿ ಜಾಲಿ ಮುಳ್ಳಿನ ಕಾಟ, ಅಲ್ಲಿನವರು ಪಂಕ್ಚರ್ ತಡೆ ಪದರ ಇರುವ ಟಯರಿಗೆ ಹೆಚ್ಚು ಕೊಡುವುದು ಸಾರ್ಥಕ.

ಬ್ರೇಕಿನಲ್ಲಿ ಜಿಪುಣತನ ಬೇಡ. ಅದೇ 88 ಕೆಜಿ ಒಟ್ಟು ತೂಕ ನೂರಕ್ಕೆ ಎಂಟರ ಇಳಿಜಾರಿನಲ್ಲಿ 25 ಕಿಮೀ ವೇಗದಲ್ಲೇ ಉಳಿಯಬೇಕೆಂದರೆ ಗಾಳಿ ತಡೆದದ್ದು ಹೋಗಿ ಸುಮಾರು 300 ವ್ಯಾಟ್ ಶಾಖ ಬ್ರೇಕಿಗೆ ಇಳಿಯುತ್ತಲೇ ಇರುತ್ತದೆ. ರಿಮ್ಮನ್ನು ಹಿಡಿಯುವ ವಿ-ಬ್ರೇಕ್ ಹಾಸನ ಪೇಟೆಯೊಳಗೆ, ಹಳೇಬೀಡು ರಸ್ತೆಗೆ ಸಾಕು. ಮಳೆಯಲ್ಲಿ ಮರಳು ರಬ್ಬರಿಗೆ ಅಂಟಿ ರಿಮ್ಮನ್ನೇ ಉಜ್ಜಿ ಸವೆಸುತ್ತದೆ. ಕೇಬಲ್ ಡಿಸ್ಕ್ ಪರವಾಗಿಲ್ಲ, ಆದರೆ ಸಾಮಾನ್ಯವಾಗಿ ಅದರಲ್ಲಿ ಒಂದೇ ಪ್ಯಾಡ್ ಚಲಿಸುತ್ತದೆ. ಪ್ಯಾಡ್ ಸವೆದಂತೆ ಲಿವರ್ ಹ್ಯಾಂಡಲಿಗೆ ತಾಗುವಷ್ಟು ಒಳಗೆ ಬರುತ್ತದೆ. ಆಗ ಕೇಬಲ್ಲನ್ನೇ ಎಳೆಯುತ್ತಾ ಹೋಗದೆ, ಒಳಗಡೆಯ ಸ್ಥಿರ ಪ್ಯಾಡನ್ನು ಅಲೆನ್ ಕೀಯಿಂದ ರೋಟರಿನ (ಬ್ರೇಕ್ ಡಿಸ್ಕಿನ) ಹತ್ತಿರಕ್ಕೆ ತಿರುಗಿಸಬೇಕು. ಹೈಡ್ರಾಲಿಕ್ಕಿನಲ್ಲಿ ಈ ಕಷ್ಟ ಇಲ್ಲ, ಎರಡೂ ಪ್ಯಾಡ್ ತಾವೇ ಹೊಂದಿಕೊಳ್ಳುತ್ತವೆ. ಗಿರಿಶ್ರೇಣಿಗೆ, ಚಾರ್ಮಾಡಿ ಕಡೆಗೆ ಹೋಗುವವರಿಗೆ ನನ್ನ ಸಲಹೆ ಅದೇ. ಶಿಮಾನೊ ಹೈಡ್ರಾಲಿಕ್ಕಿಗೆ ಮಿನರಲ್ ಆಯಿಲ್ ಮಾತ್ರ. ಬೈಕ್ ಮೆಕ್ಯಾನಿಕ್ ಕೈಯಲ್ಲಿರುವ ಡಾಟ್ ಬ್ರೇಕ್ ಆಯಿಲ್ ಸುರಿದರೆ ಸೀಲು ಉಬ್ಬಿ ಹಾಳಾಗುತ್ತದೆ. ಮಳೆಗೆ ಲೋಹದ ಪ್ಯಾಡ್ ಹೆಚ್ಚು ಬಾಳುತ್ತದೆ, ಆದರೆ ಅಗ್ಗದ ರೋಟರಿನ ಮೇಲೆ "ರೆಸಿನ್ ಪ್ಯಾಡ್ ಓನ್ಲಿ" ಎಂದು ಕೊರೆದಿದ್ದರೆ ಹಾಕಬೇಡಿ. ಪ್ಯಾಡಿನ ಪದರ ಅರ್ಧ ಮಿಲಿಮೀಟರಿಗೆ ಇಳಿದರೆ ಬದಲಿಸಿ. ಇಳಿಯುವಾಗ ಒಂದೇ ಸಮನೆ ಹಿಡಿದುಕೊಂಡಿರದೆ, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಬಿಡಿ. ರೋಟರ್ ಆರಲು ಬಿಡುವು ಸಿಗುತ್ತದೆ.

ಹಾಲೆಂಡಿನಿಂದ ಪೂರ್ತಿ ತೆಗೆದುಕೊಳ್ಳಬೇಕಾದ್ದು ಸೈಕಲ್ಲಿನ ಉಡುಪು. ಇಲ್ಲಿ ಹೈಬ್ರಿಡ್ ಎಂದರೆ ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಲೈಟು, ಬೀಗ ಎಲ್ಲ ಸೇರಿಯೇ ಸಾಮಾನ್ಯವಾಗಿ ಬರುತ್ತದೆ. ಉಟ್ರೆಕ್ಟ್ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲುವ ಜಾಗವಿದೆ. ಅಲ್ಲಿ ಸಾಲಾಗಿ ನಿಂತವುಗಳಲ್ಲಿ ಮಡ್‌ಗಾರ್ಡ್ ಇಲ್ಲದ್ದು ಕಮ್ಮಿ. ನಮ್ಮಲ್ಲಿ ಇದೆಲ್ಲ ಇದ್ದರೆ ಸೈಕಲ್ "ಸ್ಪೋರ್ಟಿ" ಅಲ್ಲ ಎಂಬ ಭಾವನೆ. ಇಷ್ಟೊಂದು ಮಳೆ ಸುರಿಯುವ ಸೀಮೆಯಲ್ಲಿ ಬೆನ್ನ ಮೇಲೆ ಕೆಸರಿನ ಪಟ್ಟೆ ಎಳೆಯುವ ಸೈಕಲ್ ಯಾಕೆ ಬೇಕು, ನನಗೆ ಅರ್ಥವಾಗದು. ಆ ಕೆಸರು ಬೆನ್ನಿಗಷ್ಟೇ ಅಲ್ಲ, ಚೈನಿಗೂ ಬಾಟಮ್ ಬ್ರ್ಯಾಕೆಟ್ಟಿಗೂ (ಕ್ರ್ಯಾಂಕ್ ತಿರುಗುವ ಬೇರಿಂಗಿಗೂ) ಹಾರುತ್ತದೆ. ಫ್ರೇಮಿನಲ್ಲಿ ಮಡ್‌ಗಾರ್ಡಿಗೂ ಕ್ಯಾರಿಯರಿಗೂ ಬೇರೆ ಬೇರೆ ತೂತು ಇರಲಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೆಳಗ್ಗೆ ಮಂಜು, ಎದುರಿಗೆ ಪಿಕಪ್ಪು, ಟ್ರ್ಯಾಕ್ಟರ್. ಹಿಂದಿನ ಕೆಂಪು ಲೈಟು ಹಗಲಲ್ಲೂ ಉರಿಯಲಿ.

ಬ್ರ್ಯಾಂಡಿನ ಮಾತು ಕೊನೆಗೆ, ಚಿಕ್ಕದಾಗಿ. ಟ್ರೆಕ್ ಎಫ್‌ಎಕ್ಸ್, ಜೈಂಟ್ ಎಸ್ಕೇಪ್, ಸ್ಪೆಷಲೈಸ್ಡ್ ಸಿರಸ್ ಮೂರೂ ಒಂದೇ ಜಾತಿಯ ಒಳ್ಳೆಯ ಫಿಟ್‌ನೆಸ್ ಬೈಕುಗಳು. ಸಿರಸ್ ಎಕ್ಸ್ ಅಗಲದ ಟಯರಿನದು, ಮಲೆನಾಡಿಗೆ ಹತ್ತಿರ. ಡೆಕಾಥ್ಲಾನಿನ ರಿವರ್‌ಸೈಡ್ ದುಡ್ಡಿಗೆ ತಕ್ಕ ಸೈಕಲ್. ಹೆಸರು ಒಂದೇ ಇದ್ದರೂ ವರ್ಷಕ್ಕೊಮ್ಮೆ ಗೇರು, ಟಯರು ಬದಲಾಗುತ್ತವೆ, ಆದ್ದರಿಂದ ಯುರೋಪಿನ ವಿಮರ್ಶೆ ಓದಿ ತೀರ್ಮಾನಿಸದೆ ಅಂಗಡಿಯಲ್ಲಿ ನಿಂತ ಸೈಕಲ್ಲಿನ ಹಲ್ಲನ್ನೇ ಎಣಿಸಿ. ಸೈಜು ಕೂಡ ಹಾಗೇ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಗೆ ಪುಸ್ತಕ ಒತ್ತಿ ನೆಲದಿಂದ ಅಳೆಯಿರಿ. ಅದನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕಿನ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ಎತ್ತರ: 76 ಸೆಂಮೀ ಕಾಲಿಗೆ ಸುಮಾರು 67. ಎರಡು ಸೈಜಿನ ನಡುವೆ ಬಿದ್ದರೆ ಚಿಕ್ಕದನ್ನೇ ಆರಿಸಿ, ಇಳಿಜಾರಿನಲ್ಲಿ ಹಿಡಿತ ಸುಲಭ.

ಬಿಲ್ ಮಾಡಿಸುವಾಗಲೇ ಒಂದು ಹೆಚ್ಚುವರಿ ಡಿರೈಲರ್ ಹ್ಯಾಂಗರ್ ಕೇಳಿ ತೆಗೆದುಕೊಳ್ಳಿ. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿಸುವ ಮೆತ್ತನೆಯ ಅಲ್ಯೂಮಿನಿಯಂ ತುಂಡು ಅದು, ಮಾದರಿಗೊಂದು ಆಕಾರ, ಒಂದರದ್ದು ಇನ್ನೊಂದಕ್ಕೆ ಕೂರದು. ಬಸ್ಸಿನ ಸಾಮಾನು ಇಡುವ ಡಿಕ್ಕಿಯಲ್ಲಿ ಸೈಕಲ್ ಬಲಮಗ್ಗುಲಿಗೆ ಬಿದ್ದರೆ ಮೊದಲು ಬಾಗುವುದು ಅದೇ, ಬಾಗಿದ್ದನ್ನು ಗಮನಿಸದೆ ಹಗುರ ಗೇರಿಗೆ ಹಾಕಿದರೆ ಡಿರೈಲರ್ ಗಾಲಿಯ ಕಡ್ಡಿಗಳೊಳಗೆ ನುಗ್ಗಿ ಗಾಲಿಯೂ ಹೋಗುತ್ತದೆ.

ಮೊದಲ 150-200 ಕಿಮೀ ಆದ ಮೇಲೆ ಅಂಗಡಿಗೆ ಒಯ್ಯಲೇಬೇಕು. ಹೊಸ ಕೇಬಲ್ ಕೂತು ಸಡಿಲವಾಗಿರುತ್ತದೆ, ಕಡ್ಡಿಗಳ ಬಿಗಿ ಹೆಚ್ಚುಕಡಿಮೆಯಾಗಿರುತ್ತದೆ, ಬೆಂಡ್ ತೆಗೆಸಬೇಕು. ಚೌಕ ಆ್ಯಕ್ಸಲಿನ ಕ್ರ್ಯಾಂಕ್ ಬೋಲ್ಟನ್ನು 35ರಿಂದ 50 ನ್ಯೂಟನ್ ಮೀಟರ್ ಬಿಗಿಸಬೇಕು. ಎಡಗಡೆಯದು ಸಡಿಲವಿದ್ದಾಗಲೇ ಓಡಿಸಿದರೆ ಚೌಕದ ತೂತು ದುಂಡಗಾಗಿ ಆಮೇಲೆ ಎಷ್ಟು ಬಿಗಿಸಿದರೂ ನಿಲ್ಲದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹಬ್ಬಿನ ಕೋನ್ (ಬೇರಿಂಗ್ ಹಿಡಿಯುವ ತುಂಡು) ಬಿಚ್ಚಿಸಿ ಗ್ರೀಸ್ ಹಾಕಿಸಿ. ಚೈನನ್ನು ಸ್ಕೇಲಿನಿಂದ ಅಳೆಯಿರಿ: ಪಿನ್ನಿನಿಂದ ಪಿನ್ನಿಗೆ ಹನ್ನೆರಡು ಇಂಚು ಇರಬೇಕಾದ್ದು ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚಾಗಿದ್ದರೆ ಚೈನು ಮಾತ್ರ ಬದಲಿಸಿದರೆ ಸಾಕು. ಎಂಟನೇ ಒಂದು ಪಾಲಿಗೆ ಹೋಗುವವರೆಗೆ ಬಿಟ್ಟರೆ ಕ್ಯಾಸೆಟ್ಟೂ ಹೊಸದಾಗಬೇಕು.