ಪುಟ್ಟ ಮೇಸ್ತ್ರಿಯ ಕಾರುಬಾರು

ಮನೆಯಲ್ಲಿ ಪಾರ್ಟಿ ಅಂದರೆ ದೊಡ್ಡವರ ಲೆಕ್ಕದಲ್ಲಿ ಅದು ಸಂಜೆ ಶುರುವಾಗಿ ರಾತ್ರಿ ಊಟದ ಹೊತ್ತಿಗೆ ಮುಗಿಯುವ ಸಂಗತಿ. ನಾಲ್ಕು ವರ್ಷದ ಮಗುವಿದ್ದರೆ ಆ ಲೆಕ್ಕ ನಡೆಯುವುದಿಲ್ಲ. "ನಾಳೆ ಕೇಕ್ ಮಾಡೋಣ" ಎಂಬ ಮಾತು ನಮ್ಮ ಬಾಯಿಂದ ಬಿದ್ದ ಗಳಿಗೆಯಲ್ಲೇ ಅದರ ಪಾರ್ಟಿ ಶುರುವಾಗಿಬಿಡುತ್ತದೆ. ನಾಳೆ ಅಂದರೆ ಎಷ್ಟು ದೂರ ಅನ್ನುವುದು ಆ ವಯಸ್ಸಿಗೆ ಇನ್ನೂ ಅಂದಾಜಿಗೆ ಸಿಕ್ಕಿರುವುದಿಲ್ಲ. ಹಾಗಾಗಿ ಊಟ ಆದಮೇಲೆ ಒಮ್ಮೆ, ಹಲ್ಲುಜ್ಜಿದ ಮೇಲೆ ಒಮ್ಮೆ, ದೀಪ ಆರಿಸಿದ ಮೇಲೂ ಒಮ್ಮೆ ಪ್ರಶ್ನೆ ಬರುತ್ತದೆ: "ಅಪ್ಪಾ, ಈಗ ನಾಳೆ ಆಯ್ತಾ?"

ಮಗು ಮಲಗಿದ ಮೇಲೆ ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ಎಲ್ಲ ಮುಗಿಸಿಬಿಡುವವರಿದ್ದಾರೆ. ಅದರಲ್ಲಿ ಒಂದು ಗಂಟೆಯ ಕೆಲಸ ಒಂದು ಗಂಟೆಯಲ್ಲೇ ಮುಗಿಯುತ್ತದೆ, ಬಿಸ್ಕೆಟ್ಟೆಲ್ಲ ಒಂದೇ ಅಳತೆಯಲ್ಲಿರುತ್ತವೆ, ಗೋಡೆಗೆ ಹಿಟ್ಟು ಮೆತ್ತಿರುವುದಿಲ್ಲ. ಆದರೂ ನಾನು ಮಗುವನ್ನು ಸೇರಿಸಿಕೊಂಡೇ ಮಾಡುವವರ ಪಕ್ಷ. ಇದರಲ್ಲಿ ಆದರ್ಶ ಗೀದರ್ಶ ಏನೂ ಇಲ್ಲ. ಬೆಳಿಗ್ಗೆ ಎದ್ದ ಮಗು ಸಿದ್ಧವಾಗಿ ನಿಂತ ಕೇಕ್ ನೋಡಿ ಕುಣಿಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಅದು ಕೇಳುವುದು "ನನ್ನ ಬಿಟ್ಟು ಯಾಕೆ ಮಾಡಿದೆ?" ಅಂತ. ಆ ರಗಳೆ ತಣ್ಣಗೆ ಮಾಡುವುದಕ್ಕಿಂತ ಗೋಡೆ ಒರೆಸುವುದು ಎಷ್ಟೋ ಸುಲಭ.

ಸೇರಿಸಿಕೊಳ್ಳುವುದರಲ್ಲೂ ಒಂದು ಮೋಸ ನಡೆಯುತ್ತದೆ. ಮಗುವಿನ ಕೈಗೆ ಖಾಲಿ ಬಟ್ಟಲು, ಚಮಚ ಕೊಟ್ಟು "ನೀನಿಲ್ಲಿ ಕಲಸ್ತಾ ಇರು" ಅಂತ ಮೂಲೆಯಲ್ಲಿ ಕೂರಿಸಿಬಿಡುವುದು. ತೀರಾ ಚಿಕ್ಕವರ ಹತ್ತಿರ ಈ ಆಟ ನಡೆಯುತ್ತದೆ. ಸ್ವಲ್ಪ ದೊಡ್ಡದಾದ ಮೇಲೆ ಮಗುವಿಗೆ ಗೊತ್ತಾಗುತ್ತದೆ, ತನ್ನ ಬಟ್ಟಲಿನಲ್ಲಿರುವುದು ಯಾವತ್ತೂ ಓವನ್ನಿಗೆ ಹೋಗುವುದಿಲ್ಲ ಅಂತ. ಸುಳ್ಳು ಕೆಲಸ ಯಾವುದು, ನಿಜವಾದ ಕೆಲಸ ಯಾವುದು ಅನ್ನುವುದನ್ನು ಮಕ್ಕಳು ಪತ್ತೆ ಹಚ್ಚುವಷ್ಟು ಬೇಗ ನಾವು ಕೆಲಸ ಮಾಡುವ ಕಡೆ ಮ್ಯಾನೇಜರುಗಳೂ ಪತ್ತೆ ಹಚ್ಚುವುದಿಲ್ಲ. ಆಮೇಲೆ ಸುಮ್ನೆ ಸಮಾಧಾನಕ್ಕೆ ಏನು ಕೊಟ್ಟರೂ ನಡೆಯುವುದಿಲ್ಲ. ಮಗು ಮಾಡದೆ ಹೋದರೆ ಕೇಕ್ ಮುಂದೆ ಸಾಗದಂಥ ಕೆಲಸವನ್ನೇ ಕೊಡಬೇಕು.

ನಮ್ಮ ಮಗಳಿಗೆ ಆ ಕೆಲಸ ಜರಡಿ ಹಿಡಿಯುವುದು. ಸ್ಟೂಲಿನ ಮೇಲೆ ನಿಂತು, ನಾಲಿಗೆಯ ತುದಿಯನ್ನು ತುಟಿಯ ಮೂಲೆಯಿಂದ ಹೊರಗೆ ಹಾಕಿ, ಎರಡೂ ಕೈಯಲ್ಲಿ ಜರಡಿ ಹಿಡಿದು ಅವಳು ಅಲ್ಲಾಡಿಸುತ್ತಾಳೆ. ಮೊದಲು ಅರ್ಧ ಹಿಟ್ಟು ಪಾತ್ರೆಯ ಹೊರಗೆ. ನಂತರ ಕೈಗೆ ಅಂದಾಜು ಸಿಗುತ್ತದೆ, ಮೈದಾ ಸಣ್ಣಗೆ ಉದುರಿ ಪಾತ್ರೆಯ ನಡುವೆ ಒಂದು ಗುಡ್ಡೆ ಏಳುತ್ತದೆ. ಆಗ ಅಲ್ಲಾಡಿಸುವುದು ನಿಲ್ಲುತ್ತದೆ, ಗುಡ್ಡೆಯನ್ನು ನೋಡಬೇಕಲ್ಲ. ಕೊನೆಗೆ ಜರಡಿಯಲ್ಲಿ ಬೇಕಿಂಗ್ ಪೌಡರಿನ ಒಂದೆರಡು ಗಂಟು ಉಳಿಯುತ್ತವೆ. ಅವು ಎಷ್ಟು ಅಲ್ಲಾಡಿಸಿದರೂ ಇಳಿಯುವುದಿಲ್ಲ. ಬೆರಳಲ್ಲಿ ಒತ್ತಿ, ಅದು ಪುಡಿಯಾಗಿ ಜಾಲರಿಯಿಂದ ಕೆಳಗೆ ಹೋದಾಗ ಅವಳು ನನ್ನ ಮುಖ ನೋಡುತ್ತಾಳೆ. ಇದು ನಿಜವಾಗಿಯೂ ಬೇಕಾದ ಕೆಲಸ. ಗಂಟು ಹಾಗೇ ಉಳಿದಿದ್ದರೆ ತಿನ್ನುವವರ ಬಾಯಿಗೆ ಒಂದು ಕಡೆ ಕಹಿ ಸೋಡಾ ಸಿಗುತ್ತಿತ್ತು, ಕೇಕ್ ಒಂದೇ ಸಮ ಉಬ್ಬುತ್ತಿರಲಿಲ್ಲ. ಇದನ್ನು ಅವಳಿಗೆ ಹೇಳಿದ್ದೇನೆ, ಅಜ್ಜಿಗೂ ಅವಳೇ ಹೇಳಿದ್ದಾಳೆ, ಪಕ್ಕದ ಮನೆಯವರಿಗೂ ಹೇಳಿ ಆಗಿದೆ.

ಅಜ್ಜಿಯ ಜಾಗ ಬಾಗಿಲ ಪಕ್ಕದ ಕುರ್ಚಿ. ಅಲ್ಲಿಂದ ಏಳುವುದಿಲ್ಲ, ಆದರೆ ಅಡುಗೆಮನೆಯ ಪೂರ್ತಿ ಆಗುಹೋಗು ಅವರ ಕಣ್ಣಲ್ಲೇ ಇರುತ್ತದೆ. "ಅಷ್ಟು ಜೋರಾಗಿ ತಿರುವಬೇಡ" ಅನ್ನುವುದು ಅವರ ಮಾತು. ಅದು ನೂರಕ್ಕೆ ನೂರು ಸರಿ. ಮೈದಾಗೆ ನೀರಿನ ಅಂಶ ತಾಗಿ, ಮೇಲಿಂದ ತಿರುವುತ್ತಾ ಹೋದಷ್ಟೂ ಅದರೊಳಗೆ ಗ್ಲುಟನ್ ಅನ್ನುವ ಅಂಟು ಎಳೆ ಕಟ್ಟುತ್ತದೆ. ಬ್ರೆಡ್ಡಿಗೆ ಅದು ಬೇಕು, ಕೇಕಿಗೆ ಜಾಸ್ತಿಯಾದರೆ ಕೇಕ್ ರಬ್ಬರಾಗುತ್ತದೆ. ಇಲ್ಲೊಂದು ಅನುಕೂಲ ಏನೆಂದರೆ ಸಣ್ಣ ಮಕ್ಕಳ ಕೈ ಬೇಗ ಸೋಲುತ್ತದೆ. ದೊಡ್ಡವರಾದರೆ ಹಟಕ್ಕೆ ಬಿದ್ದು ಕೊನೆಯ ಗಂಟೂ ಹೋಗುವ ತನಕ ತಿರುವುತ್ತಿರುತ್ತೇವೆ, ಅವಳು ಹಿಟ್ಟೆಲ್ಲ ಒದ್ದೆಯಾಗುವಷ್ಟರಲ್ಲಿ ಸೌಟನ್ನು ನನ್ನ ಕೈಗೆ ಕೊಟ್ಟು "ಈಗ ನಿನ್ನ ಸರದಿ" ಅನ್ನುತ್ತಾಳೆ. ಅಲ್ಲಿಗೆ ನಿಲ್ಲಿಸಿದರೆ ಕೇಕ್ ಮೆತ್ತಗೆ ಬರುತ್ತದೆ.

ಆದರೆ ಎಲ್ಲವೂ ಹೀಗೆ ಹೊಂದಿಕೊಂಡು ಹೋಗುವುದಿಲ್ಲ. ಬೇಕಿಂಗ್ ಪೌಡರಿನಲ್ಲಿ ಸೋಡಾ, ಅದರ ಜೊತೆಗೊಂದು ಹುಳಿಯ ಅಂಶ ಎರಡೂ ಒಣಗಿಕೊಂಡು ಕೂತಿರುತ್ತವೆ. ಒದ್ದೆ ತಾಗಿದ ಕೂಡಲೇ ಎರಡೂ ಸೇರಿ ಇಂಗಾಲದ ಡೈಆಕ್ಸೈಡ್ ಬಿಡಲು ಶುರು ಮಾಡುತ್ತವೆ, ಕೇಕ್ ಹಗುರಾಗುವುದು ಆ ಗುಳ್ಳೆಗಳಿಂದಲೇ. ಈಗ ಸಿಗುವ ಪೌಡರುಗಳಲ್ಲಿ ಒಂದಷ್ಟು ಗುಳ್ಳೆ ಓವನ್ನಿನ ಬಿಸಿಗೆ ಅಂತ ಉಳಿಯುತ್ತದೆ ನಿಜ, ಆದರೂ ಕಲಸಿದ ಹಿಟ್ಟನ್ನು ತುಂಬಾ ಹೊತ್ತು ಹಾಗೇ ಇಟ್ಟಿರಬಾರದು. ಇದು ವಿಜ್ಞಾನ. ಮಕ್ಕಳ ವಿಜ್ಞಾನ ಬೇರೆ ಇದೆ. ಹಾಲು ಸುರಿದು, ಎರಡು ಸುತ್ತು ತಿರುವಿ, ಟ್ರೇ ಕೈಗೆತ್ತಿಕೊಂಡ ಆ ಕ್ಷಣಕ್ಕೇ "ಅಪ್ಪಾ, ಸುಸ್ಸು" ಅನ್ನುವ ಮಾತು ಬರುತ್ತದೆ. ಏಪ್ರನ್ ಗಂಟು ಬಿಚ್ಚುವುದಿಲ್ಲ, ಎರಡೂ ಕೈಗೆ ಬೆಣ್ಣೆ, ನಾನಿಲ್ಲದೆ ಓವನ್ನಿಗೆ ಇಡಕೂಡದು ಅಂತ ಹೋಗುವಾಗಲೇ ಆಜ್ಞೆ ಬೇರೆ. ಗುಳ್ಳೆಗಳು ಯಾರ ಆಜ್ಞೆಯನ್ನೂ ಕೇಳದೆ ಮೇಲೆ ಬಂದು ಒಡೆಯುತ್ತಿರುತ್ತವೆ.

ಪಾತ್ರೆಯ ಅಂಚಿಗೆ ಅಂಟಿದ ಹಸಿ ಹಿಟ್ಟಿನ ಜಗಳ ಇದಕ್ಕಿಂತ ದೊಡ್ಡದು. ಹಸಿ ಮೊಟ್ಟೆ ಇದ್ದರೆ ಕೊಡಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಮೊಟ್ಟೆ ಹಾಕಿಲ್ಲವಲ್ಲ, ನೆಕ್ಕಲಿ ಬಿಡು ಅನ್ನುವವರಿಗೆ ಒಂದು ಮಾತು: ಮೈದಾವೂ ಹಸಿ ಪದಾರ್ಥವೇ. ಗೋಧಿ ಹೊಲದಿಂದ ಬಂದು ಪುಡಿಯಾಗಿರುತ್ತದೆ ಅಷ್ಟೇ, ಅದನ್ನು ಯಾರೂ ಬೇಯಿಸಿರುವುದಿಲ್ಲ, ಅದರಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಇಷ್ಟನ್ನು ನಾಲ್ಕು ವರ್ಷದ ತಲೆಗೆ ತುಂಬುವುದು ಹೇಗೆ? ನಾನು ತುಂಬುವುದಕ್ಕೆ ಹೋಗುವುದಿಲ್ಲ. ಬೆಣ್ಣೆ, ಸಕ್ಕರೆ ಪುಡಿ ಸೇರಿಸಿ ಮಾಡುವ ಕ್ರೀಮನ್ನು ಮೊದಲೇ ಕಲಸಿಟ್ಟು ಅದರ ಸೌಟನ್ನು ಕೈಗೆ ಕೊಡುತ್ತೇನೆ. ನೆಕ್ಕುವುದಕ್ಕೆ ಒಂದು ಸೌಟು ಬೇಕು, ಅದು ಯಾವ ಪಾತ್ರೆಯದ್ದು ಅನ್ನುವ ತಕರಾರು ಅವಳಿಗಿಲ್ಲ.

ಚಾಕಲೇಟಿನದ್ದು ಬೇರೆಯೇ ಕಥೆ. ಅದು ಕರಗುವುದು ಹೆಚ್ಚುಕಡಿಮೆ 34 ಡಿಗ್ರಿಯಲ್ಲಿ, ನಮ್ಮ ಮೈ ಬಿಸಿ 37. ಬಾಯಿಗೆ ಹಾಕಿದ ಕೂಡಲೇ ಕರಗುವ ಆ ಸುಖಕ್ಕೆ ಈ ಎರಡು ಮೂರು ಡಿಗ್ರಿಯ ವ್ಯತ್ಯಾಸವೇ ಕಾರಣ, ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡವರು ಸಿಕ್ಕಿಬೀಳುವುದಕ್ಕೂ ಅದೇ. ಕೈ ಬಿಚ್ಚು ಅಂದರೆ ಬಿಚ್ಚುವುದಿಲ್ಲ. ಬಿಚ್ಚಬೇಕಾಗಿಯೂ ಇಲ್ಲ, ಬೆರಳ ಸಂದಿಯಿಂದ ಅದೇ ಇಳಿದು ಬಂದು ಹೇಳಿಬಿಡುತ್ತದೆ. ಇನ್ನು ಕರಗಿಸಿಟ್ಟ ಚಾಕಲೇಟಿನ ಹತ್ತಿರ ಒದ್ದೆ ಕೈಯವರು ಸುಳಿಯಬಾರದು. ನಾಲ್ಕು ಹನಿ ನೀರು ಬಿದ್ದರೂ ಸಾಕು, ನುಣ್ಣಗೆ ಹರಿಯುತ್ತಿದ್ದದ್ದು ಗಟ್ಟಿಯಾಗಿ ತರಿತರಿಯಾಗುತ್ತದೆ. ಒಳಗಿರುವ ಸಕ್ಕರೆ ನೀರು ಹೀರಿ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಹಾಗೆ. ವಿಚಿತ್ರ ಅಂದರೆ, ಕೆಟ್ಟದ್ದನ್ನು ಸರಿ ಮಾಡುವುದಕ್ಕೂ ಇನ್ನಷ್ಟು ಬಿಸಿ ನೀರನ್ನೇ ಹಾಕಬೇಕು. ಆಗ ಮೇಲೆ ಸುರಿಯುವ ಸಾಸಿಗಾದರೂ ಆಗುತ್ತದೆ.

ಬಿಸ್ಕೆಟ್ಟಿನ ಹಿಟ್ಟು ಲಟ್ಟಿಸುವುದಕ್ಕೆ ಕೊಟ್ಟರೆ ಅವಳ ಹಾಳೆ ಒಂದು ಕಡೆ ಕಾಗದ, ಇನ್ನೊಂದು ಕಡೆ ಹಲಗೆ. ಒಂದೇ ಟ್ರೇಯಲ್ಲಿಟ್ಟರೆ ತೆಳುವಾದದ್ದು ಸೀದುಹೋಗುವ ಹೊತ್ತಿಗೆ ದಪ್ಪನೆಯದು ಹಸಿಯಾಗಿಯೇ ಇರುತ್ತದೆ. ಲಟ್ಟಣಿಗೆ ಕಸಿದುಕೊಂಡು ಸರಿ ಮಾಡುವುದಕ್ಕೆ ಕೈ ತುರಿಸುತ್ತದೆ, ಮಾಡಬಾರದು. ತೆಳ್ಳಗಿನವು ಒಂದು ಟ್ರೇ, ದಪ್ಪಗಿನವು ಒಂದು ಟ್ರೇ ಅಂತ ಬೇರೆ ಮಾಡಿದರೆ ಆಯಿತು. ದಪ್ಪ ಯಾವುದು, ತೆಳು ಯಾವುದು ಅಂತ ವಿಂಗಡಿಸುವ ಕೆಲಸವನ್ನೂ ಅವಳಿಗೇ ವಹಿಸಿ, ಬಿಸಿ ಟ್ರೇ ಒಳಗೆ ಇಡುವುದು, ಹೊರಗೆ ತೆಗೆಯುವುದು ಮಾತ್ರ ನಾನು ಇಟ್ಟುಕೊಂಡಿದ್ದೇನೆ. ಸಕ್ಕರೆ ಪಾಕ ಕುದಿಯುವಾಗಲೂ ಅವಳಿಗೆ ಅಜ್ಜಿಯ ಕುರ್ಚಿಯ ಪಕ್ಕದಲ್ಲೇ ಜಾಗ, ಅದರಲ್ಲಿ ರಾಜಿ ಇಲ್ಲ.

ಒಂದು ಬಿಸ್ಕೆಟ್ ಕೊಟ್ಟರೆ "ಒಂದೇನಾ?" ಅಂತ ಮುಖ ಊದಿಸುತ್ತಾಳೆ. ಅದನ್ನೇ ಎರಡಾಗಿ ಮುರಿದು ಕೊಟ್ಟರೆ ಖುಷಿಯಾಗಿ ಹೋಗುತ್ತಾಳೆ. ಇದು ನಮ್ಮ ಮನೆಯ ಮಗುವೊಂದರ ದಡ್ಡತನವಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಕಳೆದ ಶತಮಾನದಲ್ಲೇ ಇದನ್ನು ಗಮನಿಸಿದ್ದರು. ಅಗಲ ಲೋಟದ ನೀರನ್ನು ಮಕ್ಕಳ ಕಣ್ಣೆದುರೇ ಉದ್ದ ಲೋಟಕ್ಕೆ ಸುರಿದರೆ, ಈಗ ನೀರು ಜಾಸ್ತಿಯಾಯಿತು ಅನ್ನುತ್ತವಂತೆ ಮಕ್ಕಳು. ಆರೇಳು ವರ್ಷದ ತನಕ ಆಕಾರ ಬದಲಾದರೆ, ತುಂಡು ಹೆಚ್ಚಾದರೆ, ಪದಾರ್ಥವೇ ಹೆಚ್ಚಾದ ಹಾಗೆ ಅವರಿಗೆ ಕಾಣುತ್ತದೆ. ಪಾರ್ಟಿಯ ತಟ್ಟೆ ಜೋಡಿಸುವವರಿಗೆ ಇದಕ್ಕಿಂತ ಉಪಯೋಗದ ಸಂಶೋಧನೆ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಕೇಕನ್ನು ಸಣ್ಣ ತುಂಡು ಮಾಡಿ ಎರಡೆರಡು ಹಾಕಿ. ಎಲ್ಲರ ತಟ್ಟೆಯಲ್ಲೂ ಒಂದೇ ಸಂಖ್ಯೆ ಇರಲಿ, ಅಳತೆ ಹೆಚ್ಚುಕಡಿಮೆ ಆದರೂ ಯಾರೂ ಕೇಳುವುದಿಲ್ಲ. ಸಂಖ್ಯೆ ತಪ್ಪಿದರೆ ಮಾತ್ರ ದೇವರೇ ಕಾಪಾಡಬೇಕು.

ಅಲಂಕಾರದ ಹೊತ್ತಿಗೆ ಮೇಸ್ತ್ರಿಗೆ ಪೂರ್ತಿ ಅಧಿಕಾರ. ಬಣ್ಣದ ಸಕ್ಕರೆ ಕಾಳು ಇಡೀ ಡಬ್ಬಿ ಒಂದೇ ಮೂಲೆಗೆ ಬೀಳುತ್ತದೆ, ಉಳಿದ ಮುಕ್ಕಾಲು ಕೇಕ್ ಬೋಳು. ಈ ಮೂಲೆ ಯಾಕೆ ಅಂದರೆ "ಅದು ನನ್ನ ಕಡೆ" ಅನ್ನುತ್ತಾಳೆ. ಫೋನಿನಲ್ಲಿ ನೋಡಿದ ಕೇಕುಗಳ ಫೋಟೋ ತಲೆಯಲ್ಲಿ ತುಂಬಿಕೊಂಡವರು ಇಲ್ಲಿ ಮೆಲ್ಲಗೆ ಚಾಕು ತೆಗೆದುಕೊಂಡು ಕಾಳುಗಳನ್ನು ಅತ್ತಿತ್ತ ಸರಿಸುತ್ತಾರೆ, ಮಗು ನೋಡಲಿಲ್ಲ ಅಂದುಕೊಂಡು. ಅದು ನೋಡಿರುತ್ತದೆ. ಇಡೀ ದಿನ ನಿಜವಾದ ಕೆಲಸ ಕೊಟ್ಟು ಕೊನೆಯಲ್ಲಿ ಅದನ್ನು ಅಳಿಸಿದರೆ, ಬೆಳಿಗ್ಗೆಯೇ ಖಾಲಿ ಬಟ್ಟಲು ಕೊಟ್ಟಿದ್ದರೆ ಆಗುತ್ತಿತ್ತು, ಅಲ್ವಾ?

ಪಾರ್ಟಿಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಎಲ್ಲ ಪಾರ್ಟಿಗಳೂ ಒಂದೇ ಥರ: ಬಲೂನು ಒಡೆಯುತ್ತದೆ, ಯಾರೋ ಅಳುತ್ತಾರೆ. ತೀರಾ ಚಿಕ್ಕವರು ಬರುವುದಾದರೆ ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿಡಬೇಕು, ಇಡೀ ಬಾದಾಮಿ, ಗೋಡಂಬಿ, ಪಾಪ್‌ಕಾರ್ನ್ ಐದು ವರ್ಷದೊಳಗಿನವರ ಕೈಗೆ ಸಿಗಬಾರದು, ಗಂಟಲಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಇಷ್ಟು ನೋಡಿಕೊಂಡರೆ ಮಿಕ್ಕದ್ದು ತಾನಾಗಿ ನಡೆಯುತ್ತದೆ.

ಮಕ್ಕಳು ಸೋಫಾದಿಂದ ಸೋಫಾಗೆ ಹಾರುವುದನ್ನು ನೋಡಿ ದೊಡ್ಡವರಲ್ಲಿ ಒಬ್ಬರಾದರೂ "ಸಕ್ಕರೆ ತಲೆಗೇರಿದೆ" ಅನ್ನುತ್ತಾರೆ. ಪಾಪ ಸಕ್ಕರೆ. 1994ರಲ್ಲಿ ಹೂವರ್ ಮತ್ತು ಮಿಲಿಚ್ ಅನ್ನುವ ಇಬ್ಬರು ಸಂಶೋಧಕರು ಐದರಿಂದ ಏಳು ವರ್ಷದ ಹುಡುಗರಿಗೆ ಸಕ್ಕರೆಯೇ ಇಲ್ಲದ, ಬರೀ ಸಿಹಿಕಾರಕ ಹಾಕಿದ ಪಾನೀಯ ಕೊಟ್ಟು, ಅರ್ಧ ತಾಯಂದಿರಿಗೆ ಮಾತ್ರ "ನಿಮ್ಮ ಮಗನಿಗೆ ಸಕ್ಕರೆ ಕೊಟ್ಟಿದ್ದೇವೆ" ಅಂತ ಹೇಳಿದರು. ಆ ತಾಯಂದಿರ ಕಣ್ಣಿಗೆ ಮಕ್ಕಳು ಜಾಸ್ತಿ ಚೇಷ್ಟೆ ಮಾಡಿದ ಹಾಗೆ ಕಂಡಿತು, ಅವರು ಬೈದದ್ದೂ ಜಾಸ್ತಿ. ಮರುವರ್ಷ 23 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಸಕ್ಕರೆಯಿಂದ ಮಕ್ಕಳ ನಡವಳಿಕೆ ಕೆಡುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಹಲ್ಲಿನ ವಿಷಯಕ್ಕೆ ಸಕ್ಕರೆಯನ್ನು ಬೈಯಿರಿ, ಅದು ನ್ಯಾಯ. ಸೋಫಾದ ವಿಷಯಕ್ಕೆ ಬೇಡ. ಹತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಬಿಟ್ಟು ಬರೀ ನೀರು ಕೊಟ್ಟರೂ ಅವು ಹಾರುತ್ತವೆ.

ಮೇಸ್ತ್ರಿ ಕೇಕ್ ತಿಂದಳೇ ಅಂದರೆ, ಇಲ್ಲ. ಕ್ರೀಮು ಕೆರೆದುಕೊಂಡು ತಿಂದು ಉಳಿದದ್ದನ್ನು ಅಮ್ಮನ ತಟ್ಟೆಗೆ ಹಾಕಿದಳು. ಅವಳ ಗಮನ ಹೊರಡುವ ಮಕ್ಕಳಿಗೆ ಕೊಡುವ ಬಿಸ್ಕೆಟ್ ಪೊಟ್ಟಣದ ಮೇಲಿತ್ತು. ಯಾರಿಗೆ ಯಾವುದು ಅನ್ನುವುದನ್ನು ಅವಳೇ ಆರಿಸಬೇಕು. ನಾನು ಲಟ್ಟಿಸಿದ, ಅಂಚು ನೇರವಾಗಿ ನಕ್ಷತ್ರದ ಹಾಗೇ ಇದ್ದ ಬಿಸ್ಕೆಟ್ಟುಗಳನ್ನು ಕಣ್ಣೆತ್ತಿಯೂ ನೋಡದೆ ಸಿಕ್ಕಸಿಕ್ಕವರ ಪೊಟ್ಟಣಕ್ಕೆ ಹಾಕಿದಳು. ತನ್ನದೇ ಕೈಯ, ಒಂದು ಕಡೆ ಸೀದ, ನಕ್ಷತ್ರವೋ ಆಮೆಯೋ ಗೊತ್ತಾಗದ ದಪ್ಪನೆಯವನ್ನು ಬೇರೆ ಎತ್ತಿಟ್ಟು ತನ್ನ ಅತಿ ಪ್ರೀತಿಯ ಗೆಳತಿಗೆ ಕೊಟ್ಟಳು. ಆ ಹುಡುಗಿಯ ತಾಯಿ ನನ್ನ ಮುಖ ನೋಡಿದರು, ನಾನು ಏನೂ ಹೇಳಲಿಲ್ಲ. ಗೇಟು ದಾಟುವ ಮೊದಲೇ ಪೊಟ್ಟಣ ಬಿಚ್ಚಿಯಾಗಿತ್ತು.